ಜಲಸ್ತಂಭನದಿಂದ ಯಂತ್ರಸ್ತಂಭನಕ್ಕೆ: ತಾವರೆಕೆರೆಯ ಪೆನ್‌ಡ್ರೈವ್ ಕುರಿತ ಒಂದು ಜಿಜ್ಞಾಸೆ

ದುರ್ಯೋಧನನಿಗೆ ಜಲಸ್ತಂಭನ ಬರುತ್ತಿತ್ತೆಂಬುದು ರನ್ನನನ್ನು ಓದಿದವರಿಗೂ ಗೊತ್ತು, ಕುರುಕ್ಷೇತ್ರ ನಾಟಕ ನೋಡುತ್ತಾ ಬೆಳಗು ಮಾಡಿದವರಿಗೂ ಗೊತ್ತು. ಅದೇ ವಿದ್ಯೆ ಹೆಬ್ಬೆರಳುದ್ದದ ಪೆನ್‌ಡ್ರೈವಿಗೂ ಸಿದ್ಧಿಸಿರುವ ಸಂಗತಿ ಮಾತ್ರ ವಿದ್ವಾಂಸರ ಕಣ್ಣಿಗೆ ಬಿದ್ದಂತಿಲ್ಲ. ಸಂಶೋಧನಾ ಕ್ಷೇತ್ರ: ಶಿರಾ ತಾಲ್ಲೂಕು ತಾವರೆಕೆರೆ, ನಮ್ಮ ನಡುಮನೆ. ಹೆಸರಿನಲ್ಲೇ ಕೆರೆಯಿರುವ ಊರಲ್ಲಿ ಸ್ತಂಭನ ನಡೆದದ್ದು ಯುಕ್ತವೇ. ಆಕರ: ಊರವರಾಡಿದ ಕುರುಕ್ಷೇತ್ರದ ವಿಡಿಯೊ ತುಂಬಿದ್ದ ಪೆನ್‌ಡ್ರೈವ್ ಒಂದು. ಅದರಲ್ಲಿ ನಮ್ಮ ಸೋದರಮಾವನೇ ಭೀಮ.

ಮೊದಲು ಪ್ರತ್ಯಕ್ಷ ಪ್ರಮಾಣ. ಚುಚ್ಚಿದೆ, ಹೋಗಲಿಲ್ಲ. ತಿರುಗಿಸಿ ಚುಚ್ಚಿದೆ, ಹೋಗಲಿಲ್ಲ. ಮತ್ತೆ ಮೊದಲಿನ ಹಾಗೇ ತಿರುಗಿಸಿದೆ, ಹೋಯಿತು! ಯುಎಸ್‌ಬಿ ರೂಪಿಸಿದ ಇಂಟೆಲ್ ತಂಡದ ಮುಂದಾಳು, ಬರೋಡಾದಲ್ಲಿ ಓದಿದ ಅಜಯ್ ಭಟ್, ಎರಡೂ ಬದಿಗೆ ಹೊಂದುವಂತೆ ಮಾಡಿದ್ದರೆ ತಂತಿಯೂ ಖರ್ಚೂ ಇಮ್ಮಡಿಯಾಗುತ್ತಿತ್ತೆಂದು ಹೇಳಿದ್ದಾರೆ. 1996ರಲ್ಲಿ ಉಳಿಸಿದ ಆ ಕಾಸಿಗೆ ನಾವಿನ್ನೂ ಬಡ್ಡಿ ಕಟ್ಟುತ್ತಿದ್ದೇವೆ.

ಆಮೇಲೆ ಸ್ತಂಭನ. ಮೌಸ್ ಎಳೆದರೂ ಬಾಣ ಅಲುಗಲಿಲ್ಲ. ಹಸಿರು ಪಟ್ಟಿ ಮುಕ್ಕಾಲು ದಾರಿ ಬಂದು, ಟೋಲ್ ಮುಂದಿನ ಲಾರಿಯಂತೆ ನಿಂತುಬಿಟ್ಟಿತು. ಪರದೆಯ ಮೂಲೆಯಲ್ಲಿ 7.42, ಗೋಡೆ ಗಡಿಯಾರದಲ್ಲಿ ಎಂಟೂವರೆ.

ಈಗ ಪೂರ್ವಪಕ್ಷಗಳು. ಅಜ್ಜಿಯದು ಗ್ರಹಪಂಥ: "ಪಾವಗಡಕ್ಕೋಗಿ ಶನಿಮಹಾತ್ಮಂಗೆ ಎಳ್ಳೆಣ್ಣೆ ದೀಪ ಹಚ್ಚಿ ಬರ್ರಲಾ." ತಳ್ಳಿಹಾಕುವಂತಿಲ್ಲ, ಶನಿಗೆ ಮಂದ ಎಂದೇ ಹೆಸರು, ನಮ್ಮ ಪೋರ್ಟೂ ಸೆಕೆಂಡಿಗೆ 480 ಮೆಗಾಬಿಟ್ಟಿನ ಹಳೇ 2.0. ಅಣ್ಣನ ಮಗನದು ಊದುವ ಪಂಥ. ಊದಿದ, ಎಂಜಲು ಸಿಡಿಯಿತು. ಮಾವನದು ಬೈಗುಳ ಪಂಥ. ಭೀಮ ಮೂದಲಿಸಿದ್ದಕ್ಕೇ ಅಲ್ಲವೇ ದುರ್ಯೋಧನ ಕೊಳದಿಂದ ಎದ್ದದ್ದು? ಮಾವ ಸಿಪಿಯು ಡಬ್ಬಿಯ ಮುಂದೆ ನಿಂತು, ಪಂಚೆ ಎತ್ತಿಕಟ್ಟಿ, ಅರ್ಧ ಗಂಟೆ ಮೂದಲಿಸಿದರು. ಫಲವಿಲ್ಲ. ಕೌರವ ಅಭಿಮಾನಧನ, ಪೆನ್‌ಡ್ರೈವಿಗೆ ಮಾನವೆಲ್ಲಿ?

ಕಡೆಗೆ ಗುಂಡಿ ಒತ್ತಿ ಹಿಡಿದು ಆರಿಸಿ, ಮತ್ತೆ ಹಚ್ಚಿದೆ. ಕಪ್ಪು ಪರದೆ, ಒಂದು ಬಿಳಿ ಗೆರೆ, ಮಿಣುಕು. ಅಷ್ಟೇ.

ಸಿದ್ಧಾಂತ ಮಂಡಿಸಿದವಳು ಡಿಪ್ಲೊಮಾ ಓದುತ್ತಿರುವ ಅಣ್ಣನ ಮಗಳು. "ಚಿಕ್ಕಪ್ಪಾ, ಪೆನ್‌ಡ್ರೈವ್ ಸಿಕ್ಕಿಸ್ಕೊಂಡೇ ಆನ್ ಮಾಡಿದ್ರಾ? ಅದು ವಿಂಡೋಸ್‌ನ ಅದರೊಳಗೆ ಹುಡುಕ್ತಾ ಕೂತೈತೆ." ಕಿತ್ತಳು, ಹಚ್ಚಿದಳು, ಯಂತ್ರ ಎದ್ದಿತು. ಬಯಾಸ್ ಹೊಕ್ಕು ಬೂಟ್ ಆರ್ಡರ್‌ನಲ್ಲಿ ಹಾರ್ಡ್ ಡಿಸ್ಕನ್ನು ಮೊದಲ ಪಂಕ್ತಿಗೆ ಕೂರಿಸಿದಳು. ಡಬ್ಬಿಯ ಮುಂದಿನ ಪೋರ್ಟಿಗೆ ಒಳಗಿನಿಂದ ಸಣ್ಣ ವೈರು ಬರುತ್ತದೆ, ಅದು ಸಡಿಲವಾದರೆ ಕರೆಂಟು ಸಾಲದು. ಹಿಂದಿನವು ನೇರ ಬೋರ್ಡಿನ ಮೇಲೇ ಇರುತ್ತವೆ. ಪಕ್ಕದ ಪಾವಗಡದ ತಿರುಮಣಿ ಸುತ್ತ ಬಿಸಿಲಿನಿಂದಲೇ 2,050 ಮೆಗಾವ್ಯಾಟ್ ತೆಗೆಯುವ ಪಾರ್ಕಿದೆ. ನಮ್ಮ ಮುಂದಿನ ಪೋರ್ಟಿಗೆ 500 ಮಿಲಿ ಆಂಪಿಯರ್ ಒದಗಿಸಲು ಯೋಗ್ಯತೆಯಿಲ್ಲ.

ಹಿಂದೆ ಚುಚ್ಚಿದಾಗ ಫೈಲುಗಳು ಕಂಡವು. "ಫಾರ್ಮ್ಯಾಟ್ ಮಾಡ್ಲಾ ಅಂತ ಕೇಳಿದ್ರೆ ಹ್ಞೂಂ ಅನ್ಬೇಡ್ರಿ, ಮೊದ್ಲು ಕಾಪಿ ಆಗ್ಲಿ" ಎಂದಳು. ಫ್ಯಾಟ್32 ಪದ್ಧತಿಯಲ್ಲಿ ಒಂದು ಫೈಲು 4 ಜಿಬಿ ಮುಟ್ಟುವಂತಿಲ್ಲವಾದ್ದರಿಂದ, ರಾತ್ರಿಯಿಡೀ ಆಡಿದ ನಾಟಕವನ್ನು ಸ್ಟುಡಿಯೊದವರು ಆರು ತುಂಡು ಮಾಡಿದ್ದರು. ವ್ಯಾಸರ ಪರ್ವವಿಭಾಗದ ನಂತರ ಆದ ದೊಡ್ಡ ಸಂಪಾದನಾ ಕಾರ್ಯ ಇದೇ ಎಂದು ನನ್ನ ಮತ.

ಐದು ತುಂಡು ಇಳಿದವು. ಆರನೆಯದರಲ್ಲಿ ಮತ್ತೆ ಸ್ತಂಭನ. ಚಿಪ್ಪಿನ ಒಂದು ಭಾಗ ಸತ್ತಿದೆಯಂತೆ. ಯಂತ್ರ ಅದನ್ನೇ ಕೇಳುತ್ತದೆ, ಉತ್ತರವಿಲ್ಲ, ಮತ್ತೆ ಕೇಳುತ್ತದೆ. ಉತ್ತರ ಬರುವವರೆಗೆ ಬೇರೆ ಕೆಲಸ ಮುಟ್ಟದೆ ಕೂರುತ್ತದೆ. ಇಷ್ಟು ತಾಳ್ಮೆ ನಮ್ಮ ಮನೆಯಲ್ಲಿ ಮತ್ತಾರಿಗೂ ಇಲ್ಲ. ಸಿಕ್ಕಷ್ಟನ್ನು ತೆರೆದು ನೋಡಿದೆವು. ಕೌರವ ಗದೆ ಹೊತ್ತು ನೀಲಿ ಪರದೆಯ ಹಿಂದೆ ಸರಿಯುತ್ತಾನೆ. ಹಾರ್ಮೋನಿಯಂ ಒಂದೇ ಸ್ವರದಲ್ಲಿ ನಿಲ್ಲುತ್ತದೆ. ಭೀಮ ಬರುವುದೇ ಇಲ್ಲ.

ಈ ಪ್ರಬಂಧ ಬರೆಯುವ ಹೊತ್ತಿಗೂ ದುರ್ಯೋಧನ ಕೊಳದಿಂದ ಎದ್ದಿಲ್ಲ. ಮಾವ ಸಂಜೆ ಹಾಲು ಹಾಕಿ ಬರುವಾಗ ನಮ್ಮಲ್ಲಿ ಕಾಫಿ ಕುಡಿದು, ಡಬ್ಬಿಯ ಮುಂದೆ ನಿಂತು, ಒಂದಿಷ್ಟು ಬೈದು ಹೋಗುತ್ತಾರೆ.