ಅಗ್ಗದರ್ಶನ: ಮಹಾನಗರ ಸಂಚಾರದ ಮಿತವ್ಯಯ ಮೀಮಾಂಸೆ

ಷಡ್ದರ್ಶನಗಳ ಪಟ್ಟಿ ಆರಕ್ಕೇ ನಿಂತುಹೋದದ್ದು ನಮ್ಮ ಪೂರ್ವಿಕರ ತಪ್ಪಲ್ಲ. ಅವರ ಕಾಲದಲ್ಲಿ ಮೆಜೆಸ್ಟಿಕ್ ಬಸ್ ನಿಲ್ದಾಣ ಇರಲಿಲ್ಲ. ನಡೆದು ಹೋಗುವವನಿಗೆ ಟಿಕೆಟ್ಟಿನ ಚಿಂತೆಯಿಲ್ಲ, ಛತ್ರದಲ್ಲಿ ಮಲಗುವವನಿಗೆ ಚೆಕ್‌ಔಟ್ ಹೊತ್ತಿಲ್ಲ. ಹೀಗಾಗಿ ಕಾಸು ಬಿಚ್ಚದೆ ಊರು ನೋಡುವ ವಿದ್ಯೆಗೆ ಶಾಸ್ತ್ರದ ಸ್ಥಾನ ದಕ್ಕಲೇ ಇಲ್ಲ. ಆ ಕೊರತೆಯನ್ನು ತುಂಬುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ಶಾಸ್ತ್ರಗ್ರಂಥದ ಆರಂಭದಲ್ಲಿ ಅನುಬಂಧ ಚತುಷ್ಟಯವನ್ನು ಹೇಳಬೇಕೆಂಬ ಕಟ್ಟಳೆಯುಂಟು. ವಿಷಯ: ಮಹಾನಗರ. ಪ್ರಯೋಜನ: ಊರಿಗೆ ಮರಳಿದ ಮೇಲೆ ‘ಒಟ್ಟು ಎಷ್ಟಾಯ್ತು?’ ಎಂದು ಪಕ್ಕದ ಮನೆಯವರು ಕೇಳಿದಾಗ, ಅವರಿಗೆ ಆದದ್ದಕ್ಕಿಂತ ಕಡಿಮೆ ಮೊತ್ತ ಹೇಳಿ ಅವರ ಮುಖ ನೋಡುವುದು. ಅಧಿಕಾರಿ: ಸಾವಿರ ರೂಪಾಯಿಯ ಚಪ್ಪಲಿ ಸವೆಸಿ ಹತ್ತು ರೂಪಾಯಿಯ ಬಸ್ ಟಿಕೆಟ್ ಉಳಿಸಬಲ್ಲ ಧೀರ. ಸಂಬಂಧ: ಬೆಂಗಳೂರಿನಲ್ಲಿ ಮನೆ ಮಾಡಿಕೊಂಡಿರುವ ಸೋದರಮಾವನ ಮಗ. ಈ ನಾಲ್ಕನೆಯದು ಸೂಕ್ಷ್ಮ ವಿಚಾರವಾದ್ದರಿಂದ ಅದಕ್ಕೆ ಬೇರೆ ಪ್ರಕರಣವೇ ಇದೆ.

ಪುಷ್ಪಕ ಪ್ರಕರಣ

ನಗರವನ್ನು ಪ್ರವೇಶಿಸುವುದು ಹೇಗೆ ಎಂಬುದು ಮೊದಲ ಪ್ರಶ್ನೆ. ತಿಂಗಳುಗಟ್ಟಲೆ ಮುಂಚೆ, ಅದೂ ನಡುರಾತ್ರಿ ಎದ್ದು ಬುಕ್ ಮಾಡಿದರೆ ರೈಲಿನ ಎಸಿ ದರಕ್ಕೇ ಆಕಾಶಮಾರ್ಗ ಸಿಗುತ್ತದೆ ಎಂಬುದು ವಿಮಾನವಾದಿಗಳ ಪೂರ್ವಪಕ್ಷ. ವಾದವೇನೋ ಸರಿ. ಆದರೆ ಬೆಂಗಳೂರಿನ ವಿಮಾನ ನಿಲ್ದಾಣ 2008ರಲ್ಲಿ ದೇವನಹಳ್ಳಿಗೆ ಹೋಗಿ ಕೂತಿದೆ. ಅಲ್ಲಿಂದ ಟ್ಯಾಕ್ಸಿ ಹತ್ತಿದವನ ಅಷ್ಟೂ ತಿಂಗಳ ತಪಸ್ಸು ಹೆಬ್ಬಾಳದ ಮೇಲ್ಸೇತುವೆ ಬರುವಷ್ಟರಲ್ಲಿ ಕರಗಿರುತ್ತದೆ. ಮೂರು ಕಾಸಿನ ಕುದುರೆಗೆ ಆರು ಕಾಸಿನ ಹುಲ್ಲು ಎಂದ ಹಿರಿಯರು ವಿಮಾನ ಕಾಣದಿದ್ದರೂ ಅದರ ಮೇವಿನ ಖರ್ಚು ಬಲ್ಲವರಾಗಿದ್ದರು.

ವಾಯುವಜ್ರ ಬಸ್ಸು ಇಲ್ಲಿ ಮಧ್ಯಮಮಾರ್ಗ. ನಮ್ಮ ಪಂಥಕ್ಕೆ ಪರಮಪದವೆಂದರೆ 2021ರ ಜನವರಿಯಲ್ಲಿ ರೈಲು ನಿಲ್ಲಲು ಶುರುವಾದ ವಿಮಾನ ನಿಲ್ದಾಣದ ಹಾಲ್ಟ್ ಸ್ಟೇಷನ್. ಪ್ಯಾಸೆಂಜರ್ ರೈಲಿನಲ್ಲಿ ಅಲ್ಲಿಂದ ನಗರಕ್ಕೆ ಬರುವ ಟಿಕೆಟ್, ಆಟೋ ಮೀಟರು ತಿರುಗುವ ಮೊದಲೇ ತೋರಿಸುವ 36 ರೂಪಾಯಿಗಿಂತ ಅಗ್ಗ. ಕೊರತೆ ಒಂದೇ: ರೈಲುಗಳು ಬೆರಳೆಣಿಕೆಯಷ್ಟು. ವಿಮಾನ ಇಳಿಯುವ ಹೊತ್ತಿಗೂ ರೈಲು ಬರುವ ಹೊತ್ತಿಗೂ ಜಾತಕ ಕೂಡುವುದಿಲ್ಲ. ಕಾಯುವ ಅವಧಿಯಲ್ಲಿ ವಿಮಾನ ನಿಲ್ದಾಣದ ಒಂದೇ ಒಂದು ಕಾಫಿ ಕುಡಿದರೂ ಮುಗಿಯಿತು, ಉಳಿದದ್ದೆಲ್ಲ ಲೋಟದ ತಳಕ್ಕೆ. ಇಲ್ಲಿಂದ ನಮ್ಮ ದರ್ಶನದ ಮೂಲಸೂತ್ರ ಹುಟ್ಟುತ್ತದೆ:

‘ಉಳಿಸಿದ ರೂಪಾಯಿಗೆ ಸಾವಿಲ್ಲ; ಅದು ದೇಹ ಬದಲಿಸುತ್ತದೆ.’

ಅಂದರೆ, ನಿಮ್ಮ ಜೇಬಿನಿಂದ ಹೋಗದ ದುಡ್ಡು ನಿಮ್ಮ ಕಾಲಿನಿಂದಲೋ ಸಮಯದಿಂದಲೋ ಇನ್ನೊಬ್ಬರ ಜೇಬಿನಿಂದಲೋ ಹೋಗಿಯೇ ತೀರುತ್ತದೆ. ಮುಂದಿನ ಪ್ರಕರಣಗಳೆಲ್ಲ ಈ ಸೂತ್ರಕ್ಕೆ ಭಾಷ್ಯ.

ಪಾಸು ಪ್ರಕರಣ

ಬೆಂಗಳೂರಿನ ಸಾಮಾನ್ಯ ಸಿಟಿ ಬಸ್ಸಿನ ದಿನದ ಪಾಸು 2025ರ ಜನವರಿಯಲ್ಲಿ 70 ರೂಪಾಯಿಯಿಂದ 80ಕ್ಕೆ ಏರಿತು. ಕನಿಷ್ಠ ಟಿಕೆಟ್ 5 ಇದ್ದದ್ದು 6 ಆಯಿತು. ಅರ್ಥಶಾಸ್ತ್ರಜ್ಞರಿಗೆ ಇದು ಬರೀ ದರ ಏರಿಕೆ. ನಮಗೆ ತತ್ತ್ವಶಾಸ್ತ್ರದ ಬಿಕ್ಕಟ್ಟು. ಐದು ರೂಪಾಯಿಗೆ ನಾಣ್ಯವುಂಟು, ಆರಕ್ಕೆ ಇಲ್ಲ.

ಇಲ್ಲಿ ಚಿಲ್ಲರೆಯ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗುತ್ತದೆ. ಈ ವಿಷಯಕ್ಕೆ ವಿದ್ವಾಂಸರು ನ್ಯಾಯ ಒದಗಿಸಿಲ್ಲ. ಪ್ರಯಾಣಿಕ ನೂರರ ನೋಟು ಕೊಡುತ್ತಾನೆ. ಕಂಡಕ್ಟರು ನೋಟನ್ನೊಮ್ಮೆ, ನೋಟು ಕೊಟ್ಟವನನ್ನೊಮ್ಮೆ ನೋಡುತ್ತಾರೆ. ‘ಚೇಂಜ್ ಇಲ್ವಾ?’ ಎಂಬ ಪ್ರಶ್ನೆ ಬರುತ್ತದೆ. ಅದು ಉತ್ತರ ಬಯಸಿ ಕೇಳಿದ್ದಲ್ಲ. ಆಮೇಲೆ ಟಿಕೆಟ್ಟಿನ ಬೆನ್ನಿಗೆ ಪೆನ್ನಿನಿಂದ ಬಾಕಿ ಮೊತ್ತ ಬರೆದು, ಕೆಳಗೊಂದು ಗೆರೆ ಎಳೆದು, ‘ಇಳಿಯುವಾಗ ಇಸ್ಕೊಳ್ಳಿ’ ಎಂದು ಮುಂದೆ ಹೋಗುತ್ತಾರೆ. ಅಲ್ಲಿಂದ ಪ್ರಯಾಣಿಕನ ಪಾಲಿಗೆ ನಗರವೀಕ್ಷಣೆ ಮುಗಿಯಿತು. ಕಿಟಕಿಯಾಚೆ ಟೌನ್‌ಹಾಲ್ ಹೋದರೂ ಕಾರ್ಪೊರೇಷನ್ ಹೋದರೂ ಅವನ ಕಣ್ಣು ಕಂಡಕ್ಟರ ಚರ್ಮದ ಚೀಲದ ಮೇಲೆಯೇ. ಸ್ಟಾಪ್ ಬಂದಾಗ ಕಂಡಕ್ಟರು ಹಿಂಬಾಗಿಲಲ್ಲಿ, ಇವನು ಮುಂಬಾಗಿಲಲ್ಲಿ, ನಡುವೆ ನಲವತ್ತು ಜನ. ಇಳಿದರೆ ದುಡ್ಡು ಹೋಯಿತು, ಇಳಿಯದಿದ್ದರೆ ಸ್ಟಾಪ್ ಹೋಯಿತು. ಇಬ್ಬರು ಅಪರಿಚಿತರಿಗೆ ಒಂದೇ ನೋಟು ಕೊಟ್ಟು ‘ಕೆಳಗೆ ಹಂಚ್ಕೊಳ್ಳಿ’ ಎನ್ನುವ ಪರಿಹಾರವೂ ಇದೆ. ಇದರಿಂದ ನಗರದಲ್ಲಿ ಹೊಸ ಪರಿಚಯಗಳು ಆಗುವುದುಂಟು, ಹಳೆಯ ಸಮಾಧಾನ ಹೋಗುವುದೂ ಉಂಟು. ಈಚೆಗೆ ಕ್ಯೂಆರ್ ಕೋಡ್ ಬಂದು ಟಿಕೆಟ್ಟಿನ ಬೆನ್ನಿನ ಈ ಸಾಹಿತ್ಯ ಪ್ರಕಾರ ಅವಸಾನದ ಅಂಚಿಗೆ ಬಂದಿದೆ.

ದಿನದ ಪಾಸಿನ ಮಹತ್ವ ಈಗ ಸ್ಪಷ್ಟವಾಯಿತು. ಬೆಳಗ್ಗೆ ಒಂದು ಸಲ ಎಂಬತ್ತು ರೂಪಾಯಿ ಸರಿಯಾಗಿ ಎಣಿಸಿ ಕೊಟ್ಟರೆ ರಾತ್ರಿಯವರೆಗೆ ಚಿಲ್ಲರೆಯ ಬಂಧನವಿಲ್ಲ. ಅದಕ್ಕಿಂತ ದೊಡ್ಡ ಲಾಭ ಬೇರೆಯಿದೆ: ಪಾಸಿದ್ದವನು ದಾರಿ ತಪ್ಪುವುದಿಲ್ಲ, ಹೆಚ್ಚು ನೋಡುತ್ತಾನೆ. ಬನಶಂಕರಿಗೆ ಹೊರಟು ಯಶವಂತಪುರದಲ್ಲಿ ಇಳಿದರೂ ನಯಾಪೈಸೆ ನಷ್ಟವಿಲ್ಲ. ಯಶವಂತಪುರ ನೋಡಿದ್ದೇ ಲಾಭ. ಪಾಸಿನ ಹಣ ‘ವಸೂಲಿ’ ಮಾಡುವ ಹಟಕ್ಕೆ ಬಿದ್ದು, ಹೋಗಬೇಕಿಲ್ಲದ ಊರುಕೇರಿಗೆಲ್ಲ ಹೋಗಿ, ಬಸ್ಸಿನಿಂದ ಇಳಿಯದೆ ವಾಪಸ್ಸಾಗುವ ಉಗ್ರ ಸಾಧಕರೂ ನಮ್ಮ ಪಂಥದಲ್ಲಿದ್ದಾರೆ. ಅವರನ್ನು ಪ್ರಬಂಧಕಾರ ಗೌರವಿಸುತ್ತಾನೆ, ಅನುಸರಿಸುವುದಿಲ್ಲ.

ಮೆಟ್ರೊ ವಿಚಾರ ಚಿಕ್ಕದು. 2025ರ ಫೆಬ್ರುವರಿಯಲ್ಲಿ ಅದರ ಗರಿಷ್ಠ ದರ 60ರಿಂದ 90 ರೂಪಾಯಿಗೆ ಹಾರಿತು. ಸ್ಮಾರ್ಟ್‌ಕಾರ್ಡಿಗೆ ಶೇಕಡಾ 5 ರಿಯಾಯಿತಿ, ಜನವಿರಳ ಹೊತ್ತಿನಲ್ಲಿ ಇನ್ನೂ 5. ಲೆಕ್ಕ ಹಾಕಿದವರಿಗೆ 9 ರೂಪಾಯಿ ಉಳಿಯುತ್ತದೆ. ಲೆಕ್ಕ ಹಾಕದವರಿಗೆ ನೆಮ್ಮದಿ ಉಳಿಯುತ್ತದೆ.

ಇನ್ನು ಶೂನ್ಯವಾದ. 2023ರ ಜೂನ್ 11ರಂದು ‘ಶಕ್ತಿ’ ಯೋಜನೆ ಜಾರಿಗೆ ಬಂದು ಕರ್ನಾಟಕದ ಹೆಣ್ಣುಮಕ್ಕಳಿಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಶೂನ್ಯ ದರದ ಟಿಕೆಟ್ ಸಿಕ್ಕಿತು. ಟಿಕೆಟ್ಟಿಗೆ ಬೆಲೆಯಿಲ್ಲ, ಆದರೆ ಕೈಯಲ್ಲಿ ಟಿಕೆಟ್ ಇರಲೇಬೇಕು. ಶೂನ್ಯಕ್ಕೂ ಅಸ್ತಿತ್ವವುಂಟು ಎಂಬ ಈ ಮಾತು ಸಾಬೀತಾದದ್ದು ಯಾವ ವಿಹಾರದಲ್ಲೂ ಅಲ್ಲ, ಕಂಡಕ್ಟರ ಯಂತ್ರದಲ್ಲಿ. ದೆಹಲಿಯ ಬಸ್ಸುಗಳು 2019ರ ಅಕ್ಟೋಬರ್ 29ರಿಂದಲೇ ಇಂಥ ಗುಲಾಬಿ ಟಿಕೆಟ್ ಹರಿದುಕೊಡಲು ಶುರುಮಾಡಿದ್ದವು. ‘ಶಕ್ತಿ’ಯ ಪರಿಣಾಮವಾಗಿ ನಮ್ಮ ಊರಿನ ಕುಟುಂಬಗಳಲ್ಲಿ ಯಾತ್ರೆಯ ಮುಂದಾಳತ್ವವೇ ಬದಲಾಗಿದೆ. ಅತ್ತೆ, ಸೊಸೆ, ನಾದಿನಿ, ಮಗಳು ಹಾಯಾಗಿ ಕೂತಿರುತ್ತಾರೆ. ಟಿಕೆಟ್ ಕೊಂಡ ಒಬ್ಬನೇ ಒಬ್ಬ ಗಂಡಸು ಕಂಬಿ ಹಿಡಿದು ನಿಂತಿರುತ್ತಾನೆ. ಮುಂದಿನ ಸಲ ಅವನನ್ನು ಮನೆಯಲ್ಲೇ ಬಿಟ್ಟು ಬಂದರೆ ಪ್ರವಾಸ ಪೂರ್ತಿ ಉಚಿತವಾಗುತ್ತದೆ ಎಂಬ ತೀರ್ಮಾನಕ್ಕೆ ಅವರು ತಾವಾಗಿಯೇ ಬಂದಿದ್ದಾರೆ.

ಲೋಕಲ್ ಪ್ರಕರಣ

ಮುಂಬಯಿಯ ಲೋಕಲ್ ರೈಲಿನ ಸೆಕೆಂಡ್ ಕ್ಲಾಸಿಗೆ ಕನಿಷ್ಠ ದರ 5 ರೂಪಾಯಿ. ಜಗತ್ತಿನಲ್ಲಿ ಇಷ್ಟು ಕಡಿಮೆ ದುಡ್ಡಿಗೆ ಇಷ್ಟು ಜನರ ಒಡನಾಟ ಇನ್ನೆಲ್ಲೂ ಸಿಗಲಾರದು. ಬೆಳಗಿನ ವಿರಾರ್ ಫಾಸ್ಟಿನಲ್ಲಿ ಚರ್ಚ್‌ಗೇಟಿನತ್ತ ಹೊರಟವನಿಗೆ ಹತ್ತುವ ಶ್ರಮವಿಲ್ಲ, ಇಳಿಯುವ ಶ್ರಮವಿಲ್ಲ. ಎರಡನ್ನೂ ಜನರೇ ಮಾಡಿಸುತ್ತಾರೆ. ಎಲ್ಲಿ ಇಳಿಸುತ್ತಾರೆ ಎಂಬುದೊಂದೇ ಅವನ ಕೈಯಲ್ಲಿಲ್ಲ. ಆದ್ದರಿಂದ ಪ್ರೇಕ್ಷಕನಾದವನು ಪ್ರವಾಹಕ್ಕೆ ಎದುರಾಗಿ ಹೋಗಬೇಕು: ಬೆಳಗ್ಗೆ ದಕ್ಷಿಣದಿಂದ ಉತ್ತರಕ್ಕೆ, ಸಂಜೆ ಉತ್ತರದಿಂದ ದಕ್ಷಿಣಕ್ಕೆ. ಆಗ ಅದೇ ಐದು ರೂಪಾಯಿಗೆ ಕಿಟಕಿಯೂ ಗಾಳಿಯೂ ಸಿಗುತ್ತವೆ.

ಅಲ್ಲಿನ ‘ಚೌಥಿ ಸೀಟ್’ ತತ್ತ್ವ ಆಳವಾದದ್ದು. ಮೂವರ ಬೆಂಚಿಗೆ ನಾಲ್ಕನೆಯವನು ಬಂದು ನಿಲ್ಲುತ್ತಾನೆ. ಬಾಯಿ ತೆರೆಯುವುದಿಲ್ಲ, ಕೈಯಿಂದ ಒಂದು ಸನ್ನೆ. ಮೂವರೂ ಪೇಪರಿನಿಂದ ತಲೆಯೆತ್ತದೆ ಒಂದೊಂದು ಇಂಚು ಸರಿಯುತ್ತಾರೆ. ನಾಲ್ಕನೆಯವನಿಗೆ ಅರ್ಧ ಆಸನ ಸಿಗುತ್ತದೆ, ಉಳಿದರ್ಧ ಅಂತರಿಕ್ಷದಲ್ಲಿರುತ್ತದೆ. ಇರುವುದೋ ಇಲ್ಲದಿರುವುದೋ ಎಂದು ಹೇಳಲಾಗದ ಈ ಸ್ಥಿತಿಯನ್ನು ಸ್ಯಾದ್ವಾದಿಗಳು ಕೂಡಲೇ ಒಪ್ಪುತ್ತಾರೆ. ಎಚ್ಚರಿಕೆ ಒಂದಿದೆ: ಖಾಲಿ ಕಂಡಿತೆಂದು ಓರೆಗೆರೆ ಬಳಿದ ಡಬ್ಬಿ ಹತ್ತಬಾರದು, ಅದು ಫಸ್ಟ್ ಕ್ಲಾಸ್. ಅಲ್ಲಿ ಸಿಕ್ಕಿಬಿದ್ದರೆ ಕನಿಷ್ಠ 250 ರೂಪಾಯಿ ದಂಡ, ಅದರ ಮೇಲೆ ದರ. ಅಡಿಕೆಗೆ ಹೋದ ಮಾನವೆಂದರೆ ಇದೇ.

ಬಸ್ಸಿನ ಮಾತಿಗೆ ಬಂದರೆ, 2025ರ ಮೇ ತಿಂಗಳಲ್ಲಿ ಬೆಸ್ಟ್ ತನ್ನ ಕನಿಷ್ಠ ದರವನ್ನು 5ರಿಂದ 10 ರೂಪಾಯಿ ಮಾಡಿತು. ಎಸಿ ಬಸ್ಸಿಗೆ 6 ಇದ್ದದ್ದು 12. ಎರಡೇ ರೂಪಾಯಿ ಹೆಚ್ಚಿಗೆ ಕೊಟ್ಟರೆ ಮುಂಬಯಿಯ ಬೆವರಿನಿಂದ ಮುಕ್ತಿ! ಕಟ್ಟಾ ಮಿತವ್ಯಯಿಗೂ ಇದು ಧರ್ಮಸಂಕಟವೇ. ಹಸಿದ ಕನ್ನಡಿಗನಿಗೆ ಮಾಟುಂಗ ಸ್ಟೇಷನ್ ಪಕ್ಕದಲ್ಲೇ 1942ರಿಂದ ಎಲೆ ಹಾಕುತ್ತಿರುವ ರಾಮನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಇದೆ. ಅಲ್ಲಿ ಊಟ ಮಾಡಿದವನು ಸಂಜೆಯವರೆಗೆ ಏನನ್ನೂ ಕೊಳ್ಳುವುದಿಲ್ಲ, ಮರೀನ್ ಡ್ರೈವಿನ ಕಟ್ಟೆಯ ಮೇಲೆ ಸುಮ್ಮನೆ ಕೂರುತ್ತಾನೆ. ಕಟ್ಟೆಗೆ ಬಾಡಿಗೆ ಇಲ್ಲ, ಸಮುದ್ರಕ್ಕೆ ಟಿಕೆಟ್ ಇಲ್ಲ.

ಸೋಮವಾರ ಪ್ರಕರಣ

ರಜೆ ಹಾಕಿ ಸೋಮವಾರ ಹೋದರೆ ಜನ ಕಡಿಮೆ ಎಂಬುದು ಬುದ್ಧಿವಂತರ ಊಹೆ. ಊಹೆ ನಿಜ, ಯಾಕೆಂದರೆ ಅಂದು ಯಾರನ್ನೂ ಒಳಗೆ ಬಿಡುವುದಿಲ್ಲ. ದೆಹಲಿಯ ಕೆಂಪುಕೋಟೆ, ಮುಂಬಯಿಯ ಎಲಿಫೆಂಟಾ, ಕಲ್ಕತ್ತೆಯ ವಿಕ್ಟೋರಿಯಾ ಮೆಮೋರಿಯಲ್ ಮ್ಯೂಸಿಯಂ, ಎಲ್ಲಕ್ಕೂ ಸೋಮವಾರ ಬೀಗ. ತಾಜಮಹಲಿಗೆ ಶುಕ್ರವಾರ. ಶುದ್ಧ ಮಿತವ್ಯಯದ ದೃಷ್ಟಿಯಿಂದ ನೋಡಿದರೆ ಇದಕ್ಕಿಂತ ಪ್ರಶಸ್ತ ದಿನವಿಲ್ಲ: ಟಿಕೆಟ್ಟಿನಲ್ಲಿ ನೂರಕ್ಕೆ ನೂರು ಉಳಿತಾಯ, ಗೇಟಿನ ಮುಂದೆ ಫೋಟೊ ಉಚಿತ.

ಒಳಗೇ ಹೋಗಬೇಕೆಂಬ ಹಟವಿದ್ದವರಿಗೂ ದಾರಿಗಳಿವೆ. ಪುರಾತತ್ತ್ವ ಇಲಾಖೆಯ ಮೊದಲ ದರ್ಜೆಯ ಸ್ಮಾರಕಗಳಿಗೆ ಭಾರತೀಯರಿಗೆ 40 ರೂಪಾಯಿ, ವಿದೇಶೀಯರಿಗೆ 600. ಏಪ್ರಿಲ್ 18ರ ವಿಶ್ವ ಪರಂಪರೆ ದಿನ ಎಲ್ಲರಿಗೂ ಪುಕ್ಕಟೆ. ಅಂದು ಸ್ಮಾರಕ ಕಾಣುವುದಿಲ್ಲ, ಪುಕ್ಕಟೆ ನೋಡಲು ಬಂದವರ ಬೆನ್ನು ಕಾಣುತ್ತದೆ. ಹದಿನೈದರ ಒಳಗಿನ ಮಕ್ಕಳಿಗೆ ವರ್ಷವಿಡೀ ಉಚಿತ. ಮೀಸೆ ಚಿಗುರಿದ ಹುಡುಗರು ಟಿಕೆಟ್ ಕಿಟಕಿಯ ಮುಂದೆ ಹದಿನಾಲ್ಕಕ್ಕೆ ಇಳಿದು, ಗೇಟು ದಾಟಿದ ಮೇಲೆ ಮತ್ತೆ ಹದಿನೇಳಕ್ಕೆ ಏರುವ ಚಮತ್ಕಾರವನ್ನು ಯಾವ ವೈದ್ಯಶಾಸ್ತ್ರವೂ ವಿವರಿಸಿಲ್ಲ.

ಬೆಂಗಳೂರಿನಲ್ಲಿ ಬಹಿರ್ದರ್ಶನಕ್ಕೇ ಹೆಚ್ಚು ಬೆಲೆ, ಅಂದರೆ ಬೆಲೆಯೇ ಇಲ್ಲ. ಕೆಂಗಲ್ ಹನುಮಂತಯ್ಯನವರು ಕಟ್ಟಿಸಿ 1956ರಲ್ಲಿ ಮುಗಿದ ವಿಧಾನಸೌಧವನ್ನು ರಸ್ತೆಯಲ್ಲೇ ನಿಂತು ಎಷ್ಟು ಹೊತ್ತು ಬೇಕಾದರೂ ನೋಡಬಹುದು. ಒಳಗೆ ಕರೆದೊಯ್ದು ತೋರಿಸುವ ವ್ಯವಸ್ಥೆ 2025ರ ಜೂನಿನಲ್ಲಿ ಶುರುವಾಯಿತು, 50 ರೂಪಾಯಿ ಶುಲ್ಕಕ್ಕೆ. ಒಳಗೆ ಹೋಗಲು ಕೋಟಿಗಟ್ಟಲೆ ಖರ್ಚು ಮಾಡುವವರಿರುವಾಗ ಐವತ್ತು ರೂಪಾಯಿ ದುಬಾರಿಯೆನ್ನಲು ಪ್ರಬಂಧಕಾರನಿಗೆ ಬಾಯಿ ಬರುವುದಿಲ್ಲ. ಲಾಲ್‌ಬಾಗಿಗೆ ಬೆಳಗಿನ ವಾಕಿಂಗ್ ಹೊತ್ತಿನಲ್ಲಿ ಹೋದರೆ ಟಿಕೆಟ್ ಕೇಳುವುದಿಲ್ಲ. ಅಲ್ಲಿನ ಬಂಡೆಗೆ ಸುಮಾರು ಮುನ್ನೂರು ಕೋಟಿ ವರ್ಷ ವಯಸ್ಸು. ಹೈದರಾಲಿಯ ತೋಟವೂ 1889ರ ಗಾಜಿನ ಮನೆಯೂ ಅದರ ಮುಂದೆ ನಿನ್ನೆ ಮೊನ್ನೆಯ ಕಟ್ಟೋಣ. ಇಷ್ಟು ಹಳೆಯ ವಸ್ತು ಇಷ್ಟು ಅಗ್ಗಕ್ಕೆ ಚಿಕ್ಕಪೇಟೆಯಲ್ಲೂ ಸಿಗುವುದಿಲ್ಲ.

ಕಲ್ಕತ್ತೆಯಲ್ಲಿ 2024ರಿಂದ ಹೂಗ್ಲಿ ನದಿಯಡಿ ಮೆಟ್ರೊ ಓಡುತ್ತಿದೆ. ನದಿ ದಾಟಲು ಬೇಕಾದದ್ದು ಮುಕ್ಕಾಲು ನಿಮಿಷ. ನದಿ ಮಾತ್ರ ಕಾಣುವುದಿಲ್ಲ. ಕಾಣಬೇಕೆಂದರೆ 1943ರ ಹೌರಾ ಸೇತುವೆಯ ಮೇಲೆ ನಡೆಯಬೇಕು, ಅದಕ್ಕೆ ದುಡ್ಡಿಲ್ಲ.

ದ್ವೀಪಾಂತರ ಪ್ರಕರಣ

ಮಗ ಲಂಡನ್ನಿನಲ್ಲಿದ್ದಾನೆಂದು ಹೋದ ತಂದೆತಾಯಿಗಳು ಮೊದಲು ಕಲಿಯುವುದು ಗುಣಾಕಾರ. ಕಣ್ಣಿಗೆ ಬಿದ್ದ ಪ್ರತಿ ಬೆಲೆಯನ್ನೂ ನೂರರ ಮೇಲಿನ ಯಾವುದೋ ಸಂಖ್ಯೆಯಿಂದ ಗುಣಿಸಿ, ನಿಟ್ಟುಸಿರು ಬಿಟ್ಟು, ವಸ್ತುವನ್ನು ಇದ್ದಲ್ಲೇ ಇಡುವ ಈ ಕ್ರಿಯೆಗೆ ಎರಡು ವಾರದ ನಂತರವೂ ಬಿಡುವಿಲ್ಲ. ಇಂಥವರಿಗೆ ಅಲ್ಲಿನ ಕೆಂಪು ಬಸ್ಸೇ ಗತಿ. 2023ರಲ್ಲಿ 1.75 ಪೌಂಡಿಗೆ ಏರಿದ ಆ ಟಿಕೆಟ್ಟಿನಲ್ಲಿ ಒಂದು ಗಂಟೆಯೊಳಗೆ ಎಷ್ಟು ಬಸ್ ಬೇಕಾದರೂ ಬದಲಿಸಬಹುದು. 15ನೇ ನಂಬರಿನ ಬಸ್ಸಿನ ಮಹಡಿಯಲ್ಲಿ ಮುಂದಿನ ಸೀಟು ಹಿಡಿದರೆ ಟವರ್, ಸೇಂಟ್ ಪಾಲ್ಸ್, ಟ್ರಫಾಲ್ಗರ್ ಚೌಕ ಎಲ್ಲ ತಾವಾಗಿ ಎದುರು ಬರುತ್ತವೆ. 2014ರಿಂದ ಆ ಬಸ್ಸುಗಳಲ್ಲಿ ನಗದು ತೆಗೆದುಕೊಳ್ಳುವುದೇ ಇಲ್ಲ. ಹೀಗಾಗಿ ಚಿಲ್ಲರೆಯ ಮೀಮಾಂಸೆ ಆ ದೇಶದಲ್ಲಿ ಬೆಳೆಯಲಿಲ್ಲ. ಅಷ್ಟರಮಟ್ಟಿಗೆ ಅದು ಬೌದ್ಧಿಕವಾಗಿ ಬಡದೇಶ. 1759ರಲ್ಲಿ ಬಾಗಿಲು ತೆರೆದ ಬ್ರಿಟಿಷ್ ಮ್ಯೂಸಿಯಮ್ಮಿಗೆ ಪ್ರವೇಶ ಉಚಿತ. ಒಳಗಿರುವುದರಲ್ಲಿ ಎಷ್ಟೋ ಸರಕು ಅವರಿಗೂ ಉಚಿತವಾಗಿ ಬಂದದ್ದೇ ಆದ್ದರಿಂದ ಇದು ನ್ಯಾಯವೂ ಹೌದು. ಕನ್ನಡಿಗರು ತಪ್ಪದೆ ಹೋಗಬೇಕಾದ ಜಾಗ ಥೇಮ್ಸ್ ದಂಡೆಯ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್. 2015ರ ನವೆಂಬರ್ 14ರಂದು ಅಲ್ಲಿ ಬಸವಣ್ಣನವರ ಪ್ರತಿಮೆ ಅನಾವರಣಗೊಂಡಿತು. ಇಲ್ಲೂ ದುಡ್ಡಿಲ್ಲ, ಗುಣಾಕಾರವೂ ಇಲ್ಲ.

ಸಂಬಂಧ ಪ್ರಕರಣ

ಬಸ್ಸು, ರೈಲು, ಮ್ಯೂಸಿಯಂ ಎಲ್ಲ ಸೇರಿ ಉಳಿಸುವುದು ನೂರರ ಲೆಕ್ಕ; ಸೋದರಮಾವನ ಮಗ ಒಬ್ಬನೇ ಉಳಿಸುವುದು ಸಾವಿರಗಳ ಲೆಕ್ಕ. ವಸತಿ, ತಿಂಡಿ, ಬಿಸಿನೀರು, ವೈಫೈ, ಭಾನುವಾರ ಅವನದೇ ಕಾರು. ದೇಹ ಬದಲಿಸಿದ ರೂಪಾಯಿ ಕೊನೆಗೆ ಹೋಗಿ ಸೇರುವುದು ಇವನ ಖರ್ಚಿನ ಪುಸ್ತಕಕ್ಕೆ. ‘ಬರೀ ಬಸ್ಸಲ್ಲೇ ಬೆಂಗಳೂರೆಲ್ಲಾ ನೋಡಿದ್ವಿ, ಕೈಯಿಂದ ಏನೂ ಹೋಗಲಿಲ್ಲ’ ಎಂದು ನೆಂಟರು ಊಟದ ಎಲೆಯ ಮುಂದೆ ಹೆಮ್ಮೆಯಿಂದ ಹೇಳುವಾಗ ಅವನು ನಕ್ಕು ಇನ್ನೊಂದು ಹೋಳಿಗೆ ಬಡಿಸುತ್ತಾನೆ. ಅಡುಗೆಮನೆಯಲ್ಲಿ ಅವನ ಹೆಂಡತಿ ನಗುವುದಿಲ್ಲ. ಈ ಪ್ರಮಾಣವನ್ನು ನಿರಾಕರಿಸುವ ತರ್ಕ ನಮ್ಮ ದರ್ಶನದಲ್ಲಿ ಇಲ್ಲ.

ಬೆಂಗಳೂರಿನಲ್ಲಿ ಬಹುಕಾಲದಿಂದ ಬಾಡಿಗೆ ಮನೆಯಲ್ಲಿರುವ ಪ್ರಬಂಧಕಾರನದು ಇಷ್ಟೇ ವಿನಂತಿ. ನೆಂಟರ ಮನೆಯಲ್ಲಿ ಇಳಿದುಕೊಂಡವರು ಹೊರಡುವ ದಿನ ಆ ಮನೆಯ ಮಕ್ಕಳ ಕೈಗೆ ಒಂದು ಐನೂರರ ನೋಟು ಇಡಿ. ಲಾಡ್ಜಿನ ಒಂದು ರಾತ್ರಿಯ ಬಾಡಿಗೆಗಿಂತ ಅದು ಕಡಿಮೆಯೇ.