ನೂರೆಂಬತ್ತು ದಿನದ ರಾಯರು

ಮೈಸೂರಿನ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಬೆಳಗಿನ ಹೊತ್ತು ಅಡ್ಡಾಡುವ ನಿವೃತ್ತರಲ್ಲಿ ಸಕ್ಕರೆ ಕಾಯಿಲೆಯವರು, ಪ್ರಾಣಾಯಾಮದವರು, ತುಟ್ಟಿಭತ್ಯೆಯ ಬಾಕಿಗಾಗಿ ಕಾಯುತ್ತಿರುವವರು ಎಂಬ ಹಳೆಯ ಪಂಗಡಗಳ ಜೊತೆಗೆ ಈಚಿನ ದಶಕಗಳಲ್ಲಿ ಮತ್ತೊಂದು ಪಂಗಡ ಸೇರಿಕೊಂಡಿದ್ದು, ಅದರ ಸದಸ್ಯರು ಅಕ್ಟೋಬರ್‌ನಲ್ಲಿ ಕಾಣಿಸಿಕೊಂಡು ಮಾರ್ಚ್ ಮುಗಿಯುವುದರೊಳಗೆ ಮಾಯವಾಗುತ್ತಾರೆ. ಮಗ ಕೊಡಿಸಿದ ಬೂಟು, ಮೊಮ್ಮಗಳ ಶಾಲೆಯ ಹೆಸರು ಹೊತ್ತ ಟೋಪಿ ಇವರ ಬಾಹ್ಯ ಲಕ್ಷಣಗಳಾದರೂ, ಖಚಿತವಾದ ಗುರುತು ಸಿಗುವುದು ಎದುರಾದವರು ಕೇಳುವ ಎರಡು ಪ್ರಶ್ನೆಗಳಿಗೆ ಇವರು ಕೊಡುವ ಉತ್ತರದಲ್ಲಿ. "ಯಾವಾಗ ಬಂದ್ರಿ?" ಎಂಬುದೂ "ಮತ್ತೆ ಯಾವಾಗ ಹೊರಡೋದು?" ಎಂಬುದೂ ಕೇಳುವವರ ಪಾಲಿಗೆ ಬರಿಯ ಕುಶಲಪ್ರಶ್ನೆಗಳು, ಉತ್ತರಿಸುವವರ ಪಾಲಿಗೆ ಅವು ಎರಡು ದೇಶಗಳ ಹಲವು ಕಾಯಿದೆಗಳಿಗೆ ಸಂಬಂಧಪಟ್ಟ ವಿಷಯಗಳಾದ್ದರಿಂದ, "ಇವತ್ತಿಗೆ 114 ದಿನ ಆಯ್ತು, ಇನ್ನು 65 ಉಳಿದಿದೆ" ಎಂಬ ಕರಾರುವಾಕ್ಕಾದ ಲೆಕ್ಕ ಹೊರಬರುತ್ತದೆ.

ವಿವೇಚನೆಯ ಅನುಕೂಲಕ್ಕಾಗಿ ಈ ವರ್ಗದ ಪ್ರತಿನಿಧಿಯನ್ನು ರಾಯರು ಎಂದು ಕರೆಯಬಹುದು. ರಾಷ್ಟ್ರೀಕೃತ ಬ್ಯಾಂಕೊಂದರಲ್ಲಿ 36 ವರ್ಷ ದುಡಿದು ಸೀನಿಯರ್ ಮ್ಯಾನೇಜರ್ ಆಗಿ ನಿವೃತ್ತರಾದ, ಕುವೆಂಪುನಗರದಲ್ಲಿ ಮಹಡಿ ಮನೆಯುಳ್ಳ, ಒಬ್ಬನೇ ಮಗ ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ ನೆಲೆಸಿರುವ ಈ ರಾಯರು ಮೊದಲ ಸಲ ಅಮೆರಿಕಕ್ಕೆ ಹೋದದ್ದು ಇತರ ಎಲ್ಲ ರಾಯರಂತೆಯೇ ಬಾಣಂತನದ ನಿಮಿತ್ತ. ಬಾಣಂತನ ಮಾಡುವವರು ಪತ್ನಿ, ಜೊತೆಗೆ ಹೋಗುವವರು ರಾಯರು; ವೀಸಾ ಮಾತ್ರ ಇಬ್ಬರಿಗೂ ಪ್ರವಾಸಿಗಳದ್ದು. ಈ ಪ್ರವಾಸಿ ವೀಸಾದ ಮೇಲೆ 10 ವರ್ಷದ ಅವಧಿ ಅಚ್ಚಾಗಿದ್ದರೂ ಅದು ಬಾಗಿಲು ತಟ್ಟುವ ಅವಧಿಯೇ ಹೊರತು ಒಳಗೆ ಕೂರುವ ಅವಧಿಯಲ್ಲ. ಇಳಿದ ವಿಮಾನ ನಿಲ್ದಾಣದಲ್ಲಿ ಅಧಿಕಾರಿ ದಾಖಲಿಸುವ ದಿನಾಂಕವೇ, ಸಾಮಾನ್ಯವಾಗಿ ಅಲ್ಲಿಂದ 6 ತಿಂಗಳಿನದು, ಅಂತಿಮ. ಮೊದಲ ಆರು ತಿಂಗಳು ಹೆಣ್ಣಿನ ತಂದೆತಾಯಿ, ಮುಂದಿನ ಆರು ತಿಂಗಳು ಗಂಡಿನ ತಂದೆತಾಯಿ ಎಂಬ ಕ್ರಮದಲ್ಲಿ ಬೀಗರಿಬ್ಬರೂ ಕೂಸನ್ನು, ಅಡುಗೆಮನೆಯನ್ನು, ಕುಕ್ಕರಿನ ಸವೆದ ಗ್ಯಾಸ್ಕೆಟ್ಟನ್ನು ಚಾರ್ಜ್ ವಹಿಸಿಕೊಡುವ ಪದ್ಧತಿ ರೂಪುಗೊಂಡದ್ದು ಈ ನಿಯಮದ ಫಲವೇ. ಆಮೇಲೆ ಮಗ ಅಮೆರಿಕದ ಪೌರನಾದ. 21 ತುಂಬಿದ ಪೌರರು ತಂದೆತಾಯಿಗಳಿಗಾಗಿ ಗ್ರೀನ್ ಕಾರ್ಡಿಗೆ, ಅಂದರೆ ಕಾಯಂ ವಾಸದ ಪರವಾನಗಿಗೆ, ಅರ್ಜಿ ಹಾಕಬಹುದು; ಅದಕ್ಕೆ ವರ್ಷಕ್ಕಿಷ್ಟೇ ಎಂಬ ಮಿತಿಯೂ ಇಲ್ಲ. ಹಾಗಾಗಿ ರಾಯರ ಬದುಕಿನ ಎರಡನೆಯ ನೌಕರಿ ಶುರುವಾಯಿತು.

ನೌಕರಿ ಎಂಬುದು ಅಲಂಕಾರದ ಮಾತಲ್ಲ. ಶಾಖೆಯಲ್ಲಿದ್ದಾಗ ಕೈಕೆಳಗೆ ಗುಮಾಸ್ತರಿದ್ದು, ಬರಿಯ ಸಹಿ ಹಾಕುತ್ತಿದ್ದ ರಾಯರು ಈಗ ತಮ್ಮದೇ ಕಡತಕ್ಕೆ ತಾವೇ ಗುಮಾಸ್ತರು, ತಾವೇ ತಪಾಸಣಾಧಿಕಾರಿ, ತಾವೇ ಜವಾನರು. ಕಡತದ ಮೊದಲ ಹಾಳೆಯೇ ತಕರಾರಿನದು: ಕಾಯಂ ವಾಸದ ಅರ್ಜಿಗೆ ಜನನ ಪ್ರಮಾಣಪತ್ರ ಬೇಕು, ರಾಯರ ಪೀಳಿಗೆಯ ಹಳ್ಳಿಯ ಮಕ್ಕಳ ಜನನ ಎಷ್ಟೋ ಕಡೆ ಎಲ್ಲಿಯೂ ದಾಖಲಾಗಿಲ್ಲ, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿರುವ ಜನ್ಮದಿನಾಂಕವಾದರೋ ಶಾಲೆಗೆ ಸೇರಿಸಿಕೊಂಡ ಮೇಷ್ಟರು ಹುಡುಗನ ಎತ್ತರ ನೋಡಿ ದಯಪಾಲಿಸಿದ್ದು. ಆದ್ದರಿಂದ ಜನನ ದಾಖಲೆ ಲಭ್ಯವಿಲ್ಲವೆಂಬ ಪ್ರಮಾಣಪತ್ರವನ್ನು ತಾಲ್ಲೂಕಿನಿಂದ ತಂದು, ಹುಟ್ಟಿದ್ದನ್ನು ಬಲ್ಲ ಹಿರಿಯರಿಂದ ಪ್ರಮಾಣವಚನ ಬರೆಸಬೇಕಾಗುತ್ತದೆ. ಎಪ್ಪತ್ತರ ಹತ್ತಿರದ ರಾಯರು ಹುಟ್ಟಿದ್ದನ್ನು ಕಂಡ ಸೋದರತ್ತೆಗೆ ತೊಂಬತ್ತು ದಾಟಿದ್ದು, "ಇವನು ಹುಟ್ಟಿದ್ದು ನಿಜ, ಇಲ್ಲದಿದ್ದರೆ ಇಲ್ಲಿ ಹೇಗೆ ಕೂತಿರ್ತಿದ್ದ?" ಎಂಬ ಆಕೆಯ ಹೇಳಿಕೆಯನ್ನು ನೋಟರಿಯವರು ಕಾನೂನಿನ ಭಾಷೆಗೆ ತಂದುಕೊಟ್ಟರು.

ದಿನಗಳ ಲೆಕ್ಕ ಈ ನೌಕರಿಯ ತಿರುಳು. ಗ್ರೀನ್ ಕಾರ್ಡುದಾರರು ಸತತ 180 ದಿನ ಮೀರಿ ಅಮೆರಿಕದಿಂದ ಹೊರಗಿದ್ದು ಮರಳಿದರೆ ಅವರನ್ನು ಹೊಸದಾಗಿ ಪ್ರವೇಶ ಕೋರುವವರಂತೆ ವಿಚಾರಿಸಲು ಅಲ್ಲಿನ ಕಾನೂನು ಅವಕಾಶ ಕೊಡುತ್ತದೆ. ಒಂದು ವರ್ಷ ಮೀರಿದರೆ ಕಾರ್ಡೊಂದೇ ಸಾಲದು, ಹೊರಡುವ ಮುಂಚೆ ಅಮೆರಿಕದಲ್ಲಿದ್ದುಕೊಂಡೇ ಅರ್ಜಿ ಹಾಕಿ ಪಡೆಯಬೇಕಾದ, ಹೆಚ್ಚೆಂದರೆ 2 ವರ್ಷ ಚಲಾವಣೆಯಲ್ಲಿರುವ ಮರುಪ್ರವೇಶ ಪರವಾನಗಿ ಬೇಕು. ಇತ್ತ ಭಾರತದ ಆದಾಯ ತೆರಿಗೆ ಕಾನೂನಿಗೆ 182 ದಿನದ ಗೆರೆಯಿದ್ದು, ಒಂದು ಆರ್ಥಿಕ ವರ್ಷದಲ್ಲಿ ಅಷ್ಟು ದಿನ ಇಲ್ಲಿದ್ದವರು ನಿವಾಸಿಗಳಾಗುತ್ತಾರೆ. ಅಮೆರಿಕದ ತೆರಿಗೆ ವರ್ಷ ಜನವರಿಗೆ, ಭಾರತದ್ದು ಏಪ್ರಿಲ್‌ಗೆ, ಪಂಚಾಂಗದ್ದು ಯುಗಾದಿಗೆ ಆರಂಭವಾಗುವುದರಿಂದ ರಾಯರ ಗೋಡೆಯ ಮೇಲೆ ಮೂರು ವರ್ಷಗಳು ಏಕಕಾಲಕ್ಕೆ ನಡೆಯುತ್ತಿರುತ್ತವೆ. ಅಮೆರಿಕದಲ್ಲಿ ಅವರಿಗೆ ಬಿಡಿಗಾಸಿನ ಸಂಪಾದನೆಯೂ ಇಲ್ಲದ್ದರಿಂದ 182ರ ಗೆರೆಯ ಯಾವ ಬದಿಗಿದ್ದರೂ ಅಂಥ ವ್ಯತ್ಯಾಸವೇನೂ ಆಗದೆಂದು ಆಡಿಟರ್ ಹೇಳಿದ್ದುಂಟು. ರಾಯರು ಒಪ್ಪಿಲ್ಲ. ಗೆರೆ ಎಂದು ಒಂದು ಇದ್ದ ಮೇಲೆ ಅದನ್ನು ಕಾಯಲು ಒಬ್ಬರು ಬೇಕು ಎಂಬುದು ಬ್ಯಾಂಕು ಅವರಿಗೆ ಕಲಿಸಿದ ತತ್ವ.

ಪ್ರಯಾಣದ ದಿನವನ್ನು ಗೊತ್ತುಮಾಡುವಾಗ ಕಾನೂನಿನ ಜೊತೆ ಒಂಟಿಕೊಪ್ಪಲ್ ಪಂಚಾಂಗವೂ ಮೇಜಿನ ಮೇಲಿರುತ್ತದೆ, ತೊಡಕು ಹುಟ್ಟುವುದು ಅಲ್ಲಿಯೇ. ವಿಮಾನ ಬೆಂಗಳೂರು ಬಿಡುವುದು ನಡುರಾತ್ರಿ ಕಳೆದು ಎರಡೂವರೆಗೆ ಎಂದಿಟ್ಟುಕೊಂಡರೆ, ಟಿಕೆಟಿನ ಪ್ರಕಾರ ಅದು ಗುರುವಾರ, ವಾರ ಬದಲಾಗುವುದು ಸೂರ್ಯೋದಯಕ್ಕೆ ಎನ್ನುವ ಪಂಚಾಂಗದ ಪ್ರಕಾರ ಇನ್ನೂ ಬುಧವಾರ, ಮನೆಯಿಂದ ಟ್ಯಾಕ್ಸಿ ಹೊರಡುವುದು ಹಿಂದಿನ ಸಂಜೆಯಾದ್ದರಿಂದ ಪ್ರಯಾಣದ ಮುಹೂರ್ತ ಯಾವುದೆಂಬುದೇ ಚರ್ಚಾಸ್ಪದ. ರಾಯರು ಇದಕ್ಕೆ ಕಂಡುಕೊಂಡ ಪರಿಹಾರ ಶಾಸ್ತ್ರಸಮ್ಮತವೇ ಆಗಿದ್ದು, ಒಳ್ಳೆಯ ಗಳಿಗೆಯಲ್ಲಿ ಒಂದು ಸೂಟ್‌ಕೇಸನ್ನು ಪಕ್ಕದ ಮನೆಯಲ್ಲಿ ಇಟ್ಟು ಪರಸ್ಥಾನ ಮಾಡಿರುತ್ತಾರೆ, ಅಂದರೆ ಸಾಮಾನಿನ ರೂಪದಲ್ಲಿ ಪ್ರಯಾಣವನ್ನು ಮುಂಚಿತವಾಗಿ ಆರಂಭಿಸಿರುತ್ತಾರೆ. ಈ ಸೌಲಭ್ಯವನ್ನು ಅಮೆರಿಕದ ವಲಸೆ ಇಲಾಖೆ ಮಾನ್ಯ ಮಾಡುವುದಿಲ್ಲವೆಂಬ ಅಸಮಾಧಾನ ಅವರಿಗಿದೆ. ಮಾನ್ಯ ಮಾಡಿದ್ದರೆ ವರ್ಷಕ್ಕೆ ಎರಡು ಮೂರು ದಿನ ಉಳಿಯುತ್ತಿತ್ತು.

ಹಣಕಾಸಿನ ಭಾಗದಲ್ಲಿ ರಾಯರು ಅಧಿಕಾರವಾಣಿಯಿಂದ ಮಾತಾಡುತ್ತಾರೆ, ಮತ್ತು ಅಷ್ಟೇ ಅಧಿಕಾರವಾಣಿಯಿಂದ ನರಳುತ್ತಾರೆ. ವಿದೇಶಿ ವಿನಿಮಯದ ಕಾಯಿದೆ ಒಬ್ಬ ವ್ಯಕ್ತಿ ಎಷ್ಟು ದಿನ ಎಲ್ಲಿದ್ದ ಎಂಬುದರ ಜೊತೆಗೆ ಎಲ್ಲಿ ನೆಲೆಸುವ ಉದ್ದೇಶ ಹೊಂದಿದ್ದಾನೆ ಎಂಬುದನ್ನೂ ಕೇಳುತ್ತದೆ; ಹೊರಗೆ ನೆಲೆಸುವ ಉದ್ದೇಶವಿದ್ದರೆ ಸಾಧಾರಣ ಉಳಿತಾಯ ಖಾತೆಯನ್ನು ಅನಿವಾಸಿಗಳ ಎನ್‌ಆರ್‌ಒ ಖಾತೆಯಾಗಿ ಬದಲಿಸಬೇಕು, ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಹೊಸದಾಗಿ ಹಣವಿಡುವಂತಿಲ್ಲ, ಬಾಡಿಗೆದಾರನೇ ಬಾಡಿಗೆಯಲ್ಲಿ ತೆರಿಗೆ ಹಿಡಿದು ಸರ್ಕಾರಕ್ಕೆ ಕಟ್ಟಬೇಕು. ಇದನ್ನು ಕೆಳಮನೆಯ ಬಾಡಿಗೆದಾರನಿಗೆ ವಿವರಿಸಿದಾಗ ಅವನು ಬಾಡಿಗೆ ಕಡಿಮೆ ಮಾಡುತ್ತಿದ್ದಾರೆಂದು ತಿಳಿದು ಕೈಮುಗಿದನಂತೆ. ಇನ್ನು ಉದ್ದೇಶದ ಪ್ರಶ್ನೆ. ರಾಯರ ಉದ್ದೇಶವನ್ನು ಬ್ಯಾಂಕಿನ ಫಾರಂ ಕೇಳುತ್ತದೆ, ವಿಮಾನ ನಿಲ್ದಾಣದ ಅಧಿಕಾರಿ ಕೇಳುತ್ತಾನೆ, ಕುಕ್ಕರಹಳ್ಳಿಯ ಗೆಳೆಯರು ಕೇಳುತ್ತಾರೆ. ಮೂವರಿಗೂ ಅವರು ಒಂದೇ ಉತ್ತರ ಕೊಟ್ಟ ನಿದರ್ಶನವಿಲ್ಲ. ಅವರ ಪತ್ನಿಯನ್ನು ಯಾರೂ ಕೇಳಿಲ್ಲ, ಕೇಳಿದ್ದರೆ "ತುಳಸಿಗೆ ನೀರು ಹಾಕೋರು ಎಲ್ಲಿದ್ದಾರೋ ಅಲ್ಲಿ ನಮ್ಮನೆ" ಎಂಬ ನೇರವಾದ ಉತ್ತರ ಸಿಗುತ್ತಿತ್ತು, ಅದಕ್ಕೆ ಫಾರಂನಲ್ಲಿ ಕಾಲಂ ಇಲ್ಲ.

ಅಮೆರಿಕ ತನ್ನ ಕಾಯಂ ನಿವಾಸಿಗಳ ಜಗತ್ತಿನಾದ್ಯಂತದ ಆದಾಯವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ದೇಶವಾದ್ದರಿಂದ ರಾಯರ ಪಿಂಚಣಿ, ನಿಶ್ಚಿತ ಠೇವಣಿಯ ಬಡ್ಡಿ, ಮ್ಯೂಚುಯಲ್ ಫಂಡು ಎಲ್ಲವೂ ಅಲ್ಲಿನ ರಿಟರ್ನಿನಲ್ಲಿ ಕಾಣಿಸಬೇಕು. ಅದರ ಮೇಲೆ, ಹೊರದೇಶದ ಖಾತೆಗಳ ಒಟ್ಟು ಮೊತ್ತ ವರ್ಷದಲ್ಲಿ ಒಮ್ಮೆಯಾದರೂ 10,000 ಡಾಲರ್ ದಾಟಿದರೆ ಎಲ್ಲ ಖಾತೆಗಳ ವಿವರವನ್ನು ಪ್ರತ್ಯೇಕವಾಗಿ ಸಲ್ಲಿಸಬೇಕು, ಹಣ ತಮ್ಮದಲ್ಲದಿದ್ದರೂ ಸಹಿಯ ಅಧಿಕಾರ ಇದ್ದರೆ ಅದೂ ಸೇರಬೇಕು. ಊರಿನ ಕುಲದೇವರ ಗುಡಿಯ ಜೀರ್ಣೋದ್ಧಾರ ಸಮಿತಿಗೆ ರಾಯರು ಖಜಾಂಚಿಯಾದ್ದರಿಂದ ಹೊಯ್ಸಳರ ಕಾಲದ್ದೆಂದು ಹೇಳಲಾಗುವ ಲಕ್ಷ್ಮೀನರಸಿಂಹನ ಉಳಿತಾಯ ಖಾತೆ ಪ್ರತಿ ವರ್ಷ ಅಮೆರಿಕದ ಖಜಾನೆಯ ಮುಂದೆ ಘೋಷಣೆಯಾಗುತ್ತಿದೆ. ಸಮಿತಿಯ ಅಧ್ಯಕ್ಷರಿಗೆ ಇದು ಹೆಮ್ಮೆಯ ಸಂಗತಿ.

ನವೆಂಬರ್ ತಿಂಗಳು ಈ ವರ್ಗದ ಪಾಲಿಗೆ ರಾಜ್ಯೋತ್ಸವಕ್ಕಿಂತ ಮುಖ್ಯವಾದ ಇನ್ನೊಂದು ಆಚರಣೆಯ ಕಾಲ. ಪಿಂಚಣಿದಾರರು ವರ್ಷಕ್ಕೊಮ್ಮೆ ಜೀವಿತ ಪ್ರಮಾಣಪತ್ರ, ಅಂದರೆ ತಾವು ಇನ್ನೂ ಬದುಕಿದ್ದೇವೆಂಬ ದಾಖಲೆ, ಒಪ್ಪಿಸಬೇಕು. 2014ರಲ್ಲಿ ಜೀವನ್ ಪ್ರಮಾಣ್ ಎಂಬ ಡಿಜಿಟಲ್ ವ್ಯವಸ್ಥೆ ಬಂದ ಮೇಲೆ ಬೆರಳಚ್ಚಿನಿಂದಲೂ ಅನಂತರ ಮುಖ ತೋರಿಸಿಯೂ ಇದನ್ನು ಸಾಧಿಸಬಹುದಾಗಿದೆ. ತಮ್ಮ ಸೇವಾವಧಿಯಲ್ಲಿ "ನೀವೇ ಖುದ್ದಾಗಿ ಬರಬೇಕು" ಎಂದು ನೂರಾರು ವೃದ್ಧರನ್ನು ಕೌಂಟರಿನ ಮುಂದೆ ನಿಲ್ಲಿಸಿದ್ದ ರಾಯರು ಈಗ ಸೆಖೆಯ ಕೋಣೆಯಲ್ಲಿ, ತಮ್ಮ ಮೊಮ್ಮಗಳ ವಯಸ್ಸಿಗೆ ಸ್ವಲ್ಪವೇ ದೊಡ್ಡವಳಾದ ಸಿಬ್ಬಂದಿಯೊಬ್ಬಳ ಮುಂದೆ ಕುಳಿತು, 36 ವರ್ಷ ನೋಟೆಣಿಸಿ ಸವೆದ ಹೆಬ್ಬೆರಳನ್ನು ಯಂತ್ರಕ್ಕೆ ಒತ್ತುತ್ತಾರೆ, ಯಂತ್ರ ಒಪ್ಪುವುದಿಲ್ಲ, ಒರೆಸಿ ಮತ್ತೆ ಒತ್ತುತ್ತಾರೆ. "ತಾತ, ಸ್ವಲ್ಪ ಕಣ್ಣು ಮಿಟುಕಿಸಿ" ಎಂದು ಆಕೆ ಮೊಬೈಲನ್ನು ಮುಖದ ಮುಂದೆ ಹಿಡಿಯುತ್ತಾಳೆ. ಸೀನಿಯರ್ ಮ್ಯಾನೇಜರ್ ಕಣ್ಣು ಮಿಟುಕಿಸುತ್ತಾರೆ. ಇನ್ನೊಂದು ವರ್ಷದ ಬದುಕು ಮಂಜೂರಾಗುತ್ತದೆ.

ಆರೋಗ್ಯದ ವಿಷಯದಲ್ಲಿ ರಾಯರ ನಿಲುವು ಸ್ಪಷ್ಟ: ಅಮೆರಿಕ ಆರೋಗ್ಯವಂತರಾಗಿ ಇರಲು ಯೋಗ್ಯವಾದ ದೇಶ, ಕಾಯಿಲೆ ಬೀಳಲು ಅಲ್ಲ. ಸಂದರ್ಶಕರಿಗಾಗಿ ಮಾರುವ ವಿಮೆಗಳು ಮೊದಲೇ ಇರುವ ಕಾಯಿಲೆಗಳನ್ನು ಸಾಮಾನ್ಯವಾಗಿ ಹೊರಗಿಡುತ್ತವೆ, ಎಪ್ಪತ್ತರ ಮನುಷ್ಯನಿಗೆ ಮೊದಲೇ ಇಲ್ಲದ ಕಾಯಿಲೆ ಯಾವುದು ಉಳಿದಿರುತ್ತದೆ ಎಂಬುದು ಅವರ ನ್ಯಾಯವಾದ ಪ್ರಶ್ನೆ. 65 ದಾಟಿದವರ ಸರ್ಕಾರಿ ವಿಮೆಯಾದ ಮೆಡಿಕೇರ್‌ಗೆ ಗ್ರೀನ್ ಕಾರ್ಡುದಾರರು ಸತತ 5 ವರ್ಷ ಅಲ್ಲಿ ನೆಲೆಸಿದ ಮೇಲೆ ಕಂತು ಕಟ್ಟಿ ಸೇರಬಹುದು. ಆಸ್ಪತ್ರೆಯ ಭಾಗ ಕಂತಿಲ್ಲದೆ ಸಿಗಬೇಕಾದರೆ ತಾವಾಗಲಿ ಸಂಗಾತಿಯಾಗಲಿ 40 ತ್ರೈಮಾಸಿಕ, ಅಂದರೆ ಸುಮಾರು 10 ವರ್ಷ, ಅಮೆರಿಕದಲ್ಲಿ ದುಡಿದು ತೆರಿಗೆ ಕಟ್ಟಿರಬೇಕು, ರಾಯರ 36 ವರ್ಷದ ಬ್ಯಾಂಕ್ ಸೇವೆ ಈ ಲೆಕ್ಕದಲ್ಲಿ ಸೊನ್ನೆ. ಕಾರ್ಡು ಉಳಿಸಲು ಕಂಡುಕೊಂಡ ಅರ್ಧ ವರ್ಷದ ಓಡಾಟವೇ ಸತತ ವಾಸಕ್ಕೆ ಅಡ್ಡ ಬರಬಹುದೆಂಬುದು ಕಡತದಲ್ಲಿ ಕೆಂಪು ಮಸಿಯಲ್ಲಿ ಬರೆದಿರುವ ಏಕೈಕ ಟಿಪ್ಪಣಿ. ಸದ್ಯಕ್ಕೆ ಹಲ್ಲು, ಕಣ್ಣಿನ ಪೊರೆ ಮತ್ತು ಮಂಡಿನೋವನ್ನು ಮೈಸೂರಿಗೆ, ಉಳಿದದ್ದನ್ನು ದೇವರಿಗೆ ಬಿಡಲಾಗಿದೆ.

ಫ್ರೀಮಾಂಟ್‌ನ ಅರ್ಧ ವರ್ಷದ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ಕಾರು ಓಡಿಸದವರಿಗೆ ಆ ಊರು ನಡೆದಷ್ಟೇ ದೊಡ್ಡದು. ನಡೆದು ಮುಟ್ಟಿದ ಲೇಕ್ ಎಲಿಜಬೆತ್ ಕೆರೆಯ ಬೆಂಚಿನ ಮೇಲೆ ವಿಜಯವಾಡದ, ಲುಧಿಯಾನದ, ವಡೋದರದ ರಾಯರುಗಳು ತಮ್ಮ ತಮ್ಮ ಟೋಪಿ ಧರಿಸಿ ಕುಳಿತು ಇವೇ ವಿಷಯಗಳನ್ನು ಇಂಗ್ಲಿಷಿನಲ್ಲಿ ಚರ್ಚಿಸುತ್ತಾರೆ. ಅಲ್ಲಿಯೂ ಇಲ್ಲಿಯೂ ದಿನಕ್ಕೆ 5 ಕಿಲೋಮೀಟರ್ ಬಿರುಸಾಗಿ ನಡೆಯುವ ಇದೇ ಮಹನೀಯರು ವಿಮಾನ ನಿಲ್ದಾಣದಲ್ಲಿ ಮಾತ್ರ ತಪ್ಪದೆ ಗಾಲಿಕುರ್ಚಿ ಏರುವುದನ್ನು ಕಂಡು ನಗುವವರಿದ್ದಾರೆ; ತಳ್ಳುವವನಿಗೆ ದಾರಿ, ಸಾಲು, ಭಾಷೆ ಮೂರೂ ಗೊತ್ತಿರುತ್ತದೆಂಬುದನ್ನು ನಗುವವರು ಗಮನಿಸಿದಂತಿಲ್ಲ.

ಕಡತದ ಕೊನೆಯ ಭಾಗ ಸಾವಿಗೆ ಸಂಬಂಧಿಸಿದ್ದು, ಅಲ್ಲಿಯೂ ರಾಯರ ಕೈಬರಹ ಅಷ್ಟೇ ದುಂಡಗಿದೆ. ಅಮೆರಿಕದಲ್ಲಿ ತೀರಿಕೊಂಡರೆ ಮರಣ ಪ್ರಮಾಣಪತ್ರ, ದಹನದ ಪ್ರಮಾಣಪತ್ರ, ಭಾರತೀಯ ಕಾನ್ಸುಲೇಟಿನ ಅನುಮತಿ ಪಡೆದು ಅಸ್ಥಿಯನ್ನು ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಗೆ ತರುವುದು. ಮೈಸೂರಿನಲ್ಲಿ ತೀರಿಕೊಂಡರೆ ಮಗ ಬರುವವರೆಗೆ ಕಾಯಬಾರದು, ರಜೆ ನೋಡಿಕೊಂಡು ವೈಕುಂಠಕ್ಕೆ ಬಂದರೆ ಸಾಕು. ಫ್ಲಾರಿಡಾದ ಟವಾರಿಸ್‌ನಲ್ಲಿ ಭಾರತೀಯ ಹಿರಿಯರಿಗೆಂದೇ ಕಟ್ಟಿರುವ ಶಾಂತಿನಿಕೇತನ ಎಂಬ ವಸತಿ ಸಮುಚ್ಚಯದ ಕರಪತ್ರವೂ ಇದೇ ಭಾಗದಲ್ಲಿದೆ. ಅದನ್ನು ಈ ಭಾಗದಲ್ಲಿ ಸೇರಿಸಿದವರು ಪತ್ನಿ.

ಕಾರ್ಡು ಬಂದು 5 ವರ್ಷ ತುಂಬಿದ ಮೇಲೆ ಪೌರತ್ವಕ್ಕೆ ಅರ್ಜಿ ಹಾಕಬಹುದು, ಪೌರರಾದರೆ ದಿನ ಎಣಿಸುವ ಕಷ್ಟವೇ ಇರುವುದಿಲ್ಲವೆಂದು ಮಗ ಹೇಳುತ್ತಲೇ ಇದ್ದಾನೆ. ಭಾರತ ಇಬ್ಬಗೆಯ ಪೌರತ್ವವನ್ನು ಒಪ್ಪುವುದಿಲ್ಲ, ಸಾಗರೋತ್ತರ ಭಾರತೀಯರ ಒಸಿಐ ಕಾರ್ಡಿನಲ್ಲಿ ಮತದಾನದ ಹಕ್ಕಿಲ್ಲ ಎಂಬ ಕಾರಣಗಳನ್ನು ರಾಯರು ಮುಂದಿಟ್ಟರೂ, ಎಣಿಸಲು ದಿನಗಳೇ ಇಲ್ಲವಾದರೆ ಬೆಳಗೆದ್ದು ಮಾಡುವುದೇನು ಎಂಬುದೇ ನಿಜವಾದ ಅಡ್ಡಿಯೆಂದು ತೋರುತ್ತದೆ. ಈ ನೌಕರಿಗೆ ನಿವೃತ್ತಿಯ ವಯಸ್ಸು ನಿಗದಿಯಾಗಿಲ್ಲ. ಮೇಲಿನ ಯಾವುದೇ ವಿಷಯದಲ್ಲಿ ಸಂದೇಹವಿರುವ ಓದುಗರು ರಾಯರನ್ನು ಕುಕ್ಕರಹಳ್ಳಿಯ ಏರಿಯ ಮೇಲೆ ಬೆಳಿಗ್ಗೆ ಆರೂವರೆಯಿಂದ ಎಂಟರವರೆಗೆ ಕಾಣಬಹುದು, ಮಾರ್ಚ್ 20ರ ಒಳಗೆ ಹೋಗುವುದು ಲೇಸು. ಸಲಹೆಗೆ ಶುಲ್ಕವಿಲ್ಲ, ಜೆರಾಕ್ಸ್ ಖರ್ಚು ಕೇಳಿದವರದು.