ಡೊಂಬಿವಲಿ–ಕಲಿನಾ ಪ್ರಾಂತ್ಯದ ತಕರಾರು ಮೀಮಾಂಸೆ

ಮಂಗಳಾಚರಣೆ

ಯಾರ ಕೈಯಲ್ಲಿ ರಬ್ಬರ್ ಸ್ಟಾಂಪ್ ಇದೆಯೋ, ಯಾರ ಮೇಜಿನ ಮೇಲೆ ಆವಕ-ಜಾವಕ ರಿಜಿಸ್ಟರ್ ಇದೆಯೋ, ಯಾರು ಒಂದೂವರೆಗೆ ಡಬ್ಬಿ ಬಿಚ್ಚಲು ಎದ್ದವರು ಮೂರಾದರೂ ಮರಳಿಲ್ಲವೋ, ಆ ಕಿಟಕಿಯಾಚೆಯ ದೇವತೆಗೆ ವಂದಿಸಿ ಈ ಶಾಸ್ತ್ರವನ್ನು ಆರಂಭಿಸಲಾಗಿದೆ.

ಯಾವ ಶಾಸ್ತ್ರಕ್ಕೂ ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನ ಎಂಬ ನಾಲ್ಕು ಬೇಕೆಂದು ಹಿರಿಯರು ವಿಧಿಸಿದ್ದಾರೆ. ಇಲ್ಲಿ ಅಧಿಕಾರಿ ಎಂದರೆ ಈ ಶಾಸ್ತ್ರ ಓದಲು ಅರ್ಹನಾದವನು, ಅಂದರೆ ಥಾಣೆ, ಡೊಂಬಿವಲಿ, ಕಲ್ಯಾಣ್, ನವಿಮುಂಬಯಿಗಳ ಯಾವುದಾದರೊಂದು ಕಾಲೇಜಿನ ವಿದ್ಯಾರ್ಥಿ. ಆಫೀಸಿನ ಅಧಿಕಾರಿ ಎಂದು ತಪ್ಪು ತಿಳಿಯಬಾರದು, ಅವರು ಮೀಟಿಂಗಿನಲ್ಲಿದ್ದಾರೆ. ವಿಷಯ, ತಕರಾರು. ಸಂಬಂಧ, ವಿದ್ಯಾರ್ಥಿಗೂ ಕಾಲೇಜಿಗೂ ಇರುವುದು. ಫೀಸು ಕಟ್ಟುವ ದಿನ ಅದು ಬಹಳ ಗಟ್ಟಿಯಾಗಿರುತ್ತದೆ. ಪ್ರಯೋಜನವನ್ನು ಕೊನೆಗೆ ಹೇಳಲಾಗುವುದು.

ಪ್ರಯೋಗಕ್ಕೆ ಒಂದು ಜೀವ ಬೇಕಲ್ಲ? ನನ್ನ ಸೋದರಳಿಯ ಸಿಕ್ಕಿದ. ಡೊಂಬಿವಲಿ ಪೂರ್ವದಲ್ಲಿ ಮನೆ, ಬಿ.ಕಾಂ. ಎರಡನೇ ವರ್ಷ. ಅಕೌಂಟ್ಸ್ ಪೇಪರನ್ನು ಬೆವರು ಸುರಿಸಿ ಬರೆದು, ಎರಡು ಸಪ್ಲಿಮೆಂಟ್ ಕಟ್ಟಿ ಬಂದಿದ್ದ. ರಿಸಲ್ಟಿನಲ್ಲಿ ಆ ಪೇಪರಿನ ಎದುರು ‘ಎಬಿ’ ಎಂದಿತ್ತು, ಅಂದರೆ ಆಬ್ಸೆಂಟ್. ಇದ್ದದ್ದನ್ನು ಇಲ್ಲವೆನಿಸುವ ಶಕ್ತಿಗೆ ದರ್ಶನಗಳಲ್ಲಿ ಮಾಯೆ ಎಂದು ಹೆಸರು. ಕಾಲೇಜುಗಳಲ್ಲಿ ರಿಸಲ್ಟ್ ಎನ್ನುತ್ತಾರೆ.

1. ಶಬ್ದನಿರ್ಣಯ

ಹುಡುಗನ ತಂದೆ, ಅಂದರೆ ನನ್ನ ಭಾವನವರು, ಕುಂದಾಪುರದ ಕಡೆಯವರು. ಥಾಣೆಯ ಹೋಟೆಲೊಂದರ ಗಲ್ಲಾಪೆಟ್ಟಿಗೆಯ ಹಿಂದೆ ಇಪ್ಪತ್ತು ವರ್ಷ ಕೂತವರು. ಸುದ್ದಿ ಕೇಳಿ ಅವರು ಹೇಳಿದ್ದು ಇಷ್ಟೆ: “ಪರೀಕ್ಷೆ ಬೇಕಾರೆ ಇನ್ನೊಂದ್ ಸಲ ಬರೀಲಿ ಮರಾಯ್ರೆ. ನಮ್ಗೆ ಈ ತಕರಾರು ಎಲ್ಲ ಬ್ಯಾಡ.”

ಈ ಮಾತಿನಲ್ಲಿ ಭಾಷಾಶಾಸ್ತ್ರದ ದೊಡ್ಡದೊಂದು ದುರಂತವಿದೆ. ಮರಾಠಿಯಲ್ಲಿ ತಕ್ರಾರ್ ಎಂದರೆ ದೂರು, ಅಷ್ಟೆ. ‘ತಕ್ರಾರ್ ನಿವಾರಣ ಸಮಿತಿ’ ಎಂದು ಕಾಲೇಜಿನ ಗೋಡೆಯ ಮೇಲೆ ಬರೆಸಲು ಅಲ್ಲಿ ಯಾರಿಗೂ ಸಂಕೋಚವಿಲ್ಲ. ಅದೇ ಶಬ್ದ ಕನ್ನಡಕ್ಕೆ ಬಂದು ತಕರಾರು ಆದಾಗ ಅದಕ್ಕೆ ಜಗಳದ ವಾಸನೆ ಹತ್ತಿತು. ಕ್ಯಾತೆ, ತಂಟೆಗಳ ಸಾಲಿಗೆ ಸೇರಿತು. ಹೀಗೆ ಮರಾಠಿಗರ ಮನೆಯಲ್ಲಿ ಹಕ್ಕಾಗಿರುವುದು ಪಕ್ಕದ ಕನ್ನಡಿಗರ ಮನೆಯಲ್ಲಿ ದುರ್ಗುಣ. ಎರಡಕ್ಕೂ ಮೂಲ ಒಂದೇ: ಅರಬ್ಬಿಯ ತಕ್ರಾರ್. ಅದರ ಅರ್ಥ ಪುನರಾವರ್ತನೆ, ಹೇಳಿದ್ದನ್ನೇ ಮತ್ತೆ ಮತ್ತೆ ಹೇಳುವುದು. ನಮ್ಮ ಕಾಲೇಜು ಆಫೀಸುಗಳನ್ನು ಕಣ್ಣಿಂದ ನೋಡದೆಯೇ ಅರಬರು ಇಷ್ಟು ಕರಾರುವಾಕ್ಕಾದ ಹೆಸರನ್ನು ಹೇಗೆ ಇಟ್ಟರೋ ತಿಳಿಯದು.

ಉಳಿದ ಪರ್ಯಾಯಗಳನ್ನೂ ಪರಿಶೀಲಿಸೋಣ. ಫಿರ್ಯಾದು ಪಾರಸಿಯ ಕೂಗು. ಕಿಟಕಿಯ ಮುಂದೆ ಕೂಗಿದರೆ ಕಿಟಕಿ ಮುಚ್ಚುತ್ತದೆ. ಅಹವಾಲು ಎಂದರೆ ‘ಹಾಲ್’ ಎಂಬುದರ ಬಹುವಚನ. ಹಾಲೇ ಹೀಗಿರುವಾಗ ಬಹುವಚನ ಯಾರಿಗೆ ಬೇಕು? ದೂರು ನಮ್ಮದೇ ಶಬ್ದ. ಅದಕ್ಕೂ ಸಂಸ್ಕೃತದ ದೂರಕ್ಕೂ ವ್ಯುತ್ಪತ್ತಿಯಲ್ಲಿ ನಂಟಿಲ್ಲ. ಆದರೆ ಡೊಂಬಿವಲಿಯಿಂದ ಕುರ್ಲಾಕ್ಕೆ ಲೋಕಲ್, ಅಲ್ಲಿಂದ ವಿಶ್ವವಿದ್ಯಾಲಯವಿರುವ ಕಲಿನಾಕ್ಕೆ ಬಸ್ಸು ಹಿಡಿದವನಿಗೆ ನಂಟು ತಾನಾಗಿಯೇ ತಿಳಿಯುತ್ತದೆ.

ಪ್ರಸ್ತುತ ಲೇಖಕನೂ ಶಬ್ದದೋಷಕ್ಕೆ ಹೊರತಲ್ಲ. ಮೊದಲ ಅರ್ಜಿಯನ್ನು ನಾನೇ ಬರೆದುಕೊಟ್ಟೆ. ಪ್ರಿನ್ಸಿಪಾಲರಿಗೆ ಬೇಡ, ನೇರ ಮೇಲಕ್ಕೇ ಹೋಗಲಿ ಎಂಬ ಉತ್ಸಾಹದಲ್ಲಿ ಮರಾಠಿಯಲ್ಲಿ ‘ಮಾನನೀಯ ಕುಲಪತಿ’ ಎಂದು ಆರಂಭಿಸಿದೆ. ಕನ್ನಡದಲ್ಲಿ ಕುಲಪತಿ ಎಂದರೆ ವೈಸ್ ಚಾನ್ಸಲರ್. ಮರಾಠಿಯಲ್ಲಿ ಅವರು ಕುಲಗುರು. ಅಲ್ಲಿ ಕುಲಪತಿ ಎಂದರೆ ಚಾನ್ಸಲರ್, ಸಾಕ್ಷಾತ್ ರಾಜ್ಯಪಾಲರು. ಎರಡನೇ ವರ್ಷದ ಅಕೌಂಟ್ಸ್ ಪೇಪರು ಮಲಬಾರ್ ಹಿಲ್‌ನ ರಾಜಭವನಕ್ಕೆ ಹೋಗುವುದು ಒಂದು ಕೂದಲೆಳೆಯಲ್ಲಿ ತಪ್ಪಿತು.

2. ಶಾಸನಾಧಾರ

ಶಿಲಾಹಾರರ ಶ್ರೀಸ್ಥಾನಕವೇ ಇಂದಿನ ಥಾಣೆ. ಅವರ ಕಾಲದ ದಾನಶಾಸನಗಳಲ್ಲಿ ಗಧೇಗಳ್ ಎಂಬ ಜಾತಿಯ ಕಲ್ಲುಗಳಿವೆ. ‘ಗಳ್’ ಎಂಬುದು ನಮ್ಮ ಕಲ್ಲೇ. ಅವರ ವೀರಗಳ್ ನಮ್ಮ ವೀರಗಲ್ಲು ಆಗಿರುವಂತೆ. ದಾನ ಕೆಡಿಸಿದವನ ಮನೆತನಕ್ಕೆ ಕತ್ತೆಯಿಂದ ಒದಗುವ ಅವಮಾನವನ್ನು ಅದರ ಮೇಲೆ ಚಿತ್ರಸಹಿತ ಕೆತ್ತಿರುತ್ತಾರೆ. ವಿವರಗಳು ಮನೆಮಂದಿ ಕೂಡಿ ಓದುವ ಪತ್ರಿಕೆಗೆ ತಕ್ಕವಲ್ಲ. ನಮ್ಮ ಕಡೆಯ ಶಾಸನಗಳು ವಾರಣಾಸಿಯಲ್ಲಿ ಸಾವಿರ ಕವಿಲೆಯನ್ನು ಕೊಂದ ಪಾಪ ತಟ್ಟಲಿ ಎಂದು ಶಪಿಸಿ ಸುಮ್ಮನಾಗುತ್ತವೆ. ಕೊಂಕಣದವರು ಇನ್ನೂ ಖಚಿತವಾಗಿ ಮಾತನಾಡುತ್ತಿದ್ದರು.

ಇದರಿಂದ ಸಿದ್ಧವಾಗುವುದೇನು? ಈ ಮಳೆಯ ಸೀಮೆಯಲ್ಲಿ ಬಾಯಿಮಾತು ತೊಳೆದುಹೋಗುತ್ತದೆ ಎಂಬುದು ಶಿಲಾಹಾರರಿಗೂ ಗೊತ್ತಿತ್ತು. ಆದ್ದರಿಂದ ಪ್ರಥಮ ಸೂತ್ರ: ಬರೆದದ್ದೇ ಇದ್ದದ್ದು. ಕಾಲೇಜು ಆಫೀಸಿಗೆ ಕತ್ತೆಯ ಚಿತ್ರ ಬರೆದು ಕೊಡಬೇಕೆಂದು ಈ ಸೂತ್ರದ ಅರ್ಥವಲ್ಲ.

3. ಪೂರ್ವಪಕ್ಷ: ಚೌಥಿ ಸೀಟಿನ ವಾದ

ಇಲ್ಲಿ ಆಕ್ಷೇಪವೊಂದಿದೆ. ಲೋಕಲ್ಲಿನ ಬೆಂಚು ಮೂವರಿಗೆಂದೇ ಮಾಡಿದ್ದು. ಅದರಲ್ಲಿ ನಾಲ್ಕನೆಯವನು ಬಂದು, ಒಂದು ಪೃಷ್ಠವನ್ನು ಮಾತ್ರ ಊರಿ, ಇನ್ನೊಂದನ್ನು ಗಾಳಿಗೆ ಬಿಟ್ಟು, ಕಲ್ಯಾಣ್‌ನಿಂದ ದಾದರಿನವರೆಗೆ ಹೋಗುತ್ತಾನೆ. ಅದಕ್ಕೆ ಚೌಥಿ ಸೀಟ್ ಎನ್ನುತ್ತಾರೆ. ಅವನು ಎಂದಾದರೂ ತಕರಾರು ಮಾಡಿದ್ದುಂಟೇ? ಇಲ್ಲ. ಬದಲಿಗೆ ಕೃತಜ್ಞನಾಗಿರುತ್ತಾನೆ. ಡೊಂಬಿವಲಿಯಲ್ಲಿ ಎಂಟೂ ಇಪ್ಪತ್ತರ ಫಾಸ್ಟ್ ಲೋಕಲ್ಲಿಗೆ ಹತ್ತಬಲ್ಲವನಿಗೆ ಹೊಂದಾಣಿಕೆಯೇ ಕುಲಧರ್ಮ. ಅವನ ಮಗನೂ ಒಂದು ಪೇಪರನ್ನು ಗಾಳಿಗೆ ಬಿಟ್ಟರೆ ತಪ್ಪೇನು? ಇದು ಭಾವನವರ ಪಕ್ಷ. ಹೊರಗಿನಿಂದ ಬಂದು ಬೆಂಚಿನ ತುದಿಯಲ್ಲಿ ಜಾಗ ಹಿಡಿದವರೆಲ್ಲರ ಪಕ್ಷವೂ ಇದೇ: ಸಿಕ್ಕಿದ್ದೇ ಹೆಚ್ಚು, ಮೇಲೆ ದೂರು ಬೇರೆಯೇ?

ಉತ್ತರ: ಚೌಥಿ ಸೀಟಿನವನ ಬಳಿಯೂ ಪಾಸ್ ಇರುತ್ತದೆ. ಟಿ.ಸಿ. ಬಂದು ‘ನೀನು ಗಾಡಿಯಲ್ಲೇ ಇಲ್ಲ’ ಎಂದರೆ ಅವನು ಒಪ್ಪುತ್ತಾನೆಯೇ? ಅಳಿಯ ಕೇಳುತ್ತಿರುವುದು ವಿಶಾಲವಾದ ಸೀಟನ್ನಲ್ಲ, ತಾನು ಗಾಡಿಯಲ್ಲಿದ್ದೆ ಎಂಬುದನ್ನು ಮಾತ್ರ.

4. ‘ನಾಳೆ ಬಾ’ ಸಿದ್ಧಾಂತ

ಕಿಟಕಿಯಲ್ಲಿ ಅವನಿಗೆ ಸಿಕ್ಕ ಉತ್ತರ: “ಉದ್ಯಾ ಯಾ.” ನಾಳೆ ಬನ್ನಿ. ಮರುದಿನ, “ಸಾಹೇಬರು ರಜೆ, ಉದ್ಯಾ ಯಾ.” ಮೂರನೆಯ ದಿನ, “ಇದು ಕಲಿನಾದ ವಿಷಯ.” ಕಲಿನಾಕ್ಕೆ ಹೋದ. ಅಲ್ಲಿ, “ಎರಡನೇ ವರ್ಷದ ಪೇಪರು ನಿಮ್ಮ ಕಾಲೇಜಿನದೇ” ಎಂದರು. ಮರಳಿ ಬಂದ. “ಉದ್ಯಾ ಯಾ.”

ಕನ್ನಡ ಜಾನಪದ ಬಲ್ಲವರಿಗೆ ಇದು ಹೊಸದಲ್ಲ. ರಾತ್ರಿ ಬಾಗಿಲು ಬಡಿಯುವ ದೆವ್ವವನ್ನು ಓಡಿಸಲು ನಮ್ಮ ಊರುಗಳಲ್ಲಿ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆಯುತ್ತಿದ್ದರು. ದೆವ್ವ ಬಂದು, ಓದಿ, ಹಿಂದಿರುಗಿ, ಮರುದಿನ ಮತ್ತೆ ಬಂದು, ಮತ್ತೆ ಓದಿ ಹೋಗುತ್ತಿತ್ತು. ಈ ದೆವ್ವ ಎಲ್ಲಿ ಎಡವಿತು ಎಂಬುದನ್ನು ಯಾವ ಜಾನಪದ ವಿದ್ವಾಂಸರೂ ವಿಚಾರಿಸಿದಂತಿಲ್ಲ. ನನ್ನ ಅಭಿಮತ ಹೀಗಿದೆ: ದೆವ್ವಕ್ಕೆ ಓದಲು ಬರುತ್ತಿತ್ತು, ಬರೆಸಿಕೊಳ್ಳಲು ಬರುತ್ತಿರಲಿಲ್ಲ. ‘ನಾಳೆ ಎಂದರೆ ಎಷ್ಟನೇ ತಾರೀಕು? ಸಹಿ ಹಾಕಿ ಕೊಡಿ’ ಎಂದು ಒಮ್ಮೆ ಕೇಳಿದ್ದರೆ ಬಾಗಿಲು ತೆರೆಯುತ್ತಿತ್ತು. ತಾರೀಕಿಲ್ಲದ ನಾಳೆ ಎಂದೂ ಬರುವುದಿಲ್ಲ. ಇದು ದ್ವಿತೀಯ ಸೂತ್ರ.

5. ಕಾಲಮಾನ ಪ್ರಕರಣ

ತಾರೀಕಿನ ಈ ಶಾಸ್ತ್ರವನ್ನು ಯುಜಿಸಿ 2023ರ ಏಪ್ರಿಲ್‌ನಲ್ಲಿ ವಿದ್ಯಾರ್ಥಿ ಕುಂದುಕೊರತೆ ನಿವಾರಣಾ ನಿಯಮಗಳಾಗಿ ಹೊರಡಿಸಿತು. 2012, 2019ರಲ್ಲೂ ಹೊರಡಿಸಿತ್ತು. ಪುನರಾವರ್ತನೆಯೇ ತಕ್ರಾರ್ ಎಂಬ ವ್ಯುತ್ಪತ್ತಿ ಇಲ್ಲೂ ಸಾಬೀತು.

ನಿಯಮದ ಪ್ರಕಾರ ಪ್ರತಿ ಕಾಲೇಜಿಗೂ ಸಮಿತಿ ಬೇಕು: ಪ್ರಾಧ್ಯಾಪಕರೊಬ್ಬರು ಅಧ್ಯಕ್ಷರು, ನಾಲ್ವರು ಹಿರಿಯ ಅಧ್ಯಾಪಕರು ಸದಸ್ಯರು. ಇವರಲ್ಲಿ ಒಬ್ಬರಾದರೂ ಮಹಿಳೆ, ಒಬ್ಬರಾದರೂ ಪರಿಶಿಷ್ಟ ಜಾತಿ, ಪಂಗಡ ಅಥವಾ ಹಿಂದುಳಿದ ವರ್ಗದವರು. ಜೊತೆಗೆ ಒಬ್ಬ ವಿದ್ಯಾರ್ಥಿ ವಿಶೇಷ ಆಹ್ವಾನಿತ. ಕೋರಂಗೆ ಮೂವರು ಸಾಕು, ಆದರೆ ಎಣಿಸುವಾಗ ಈ ಆಹ್ವಾನಿತನನ್ನು ಬಿಡಬೇಕು. ಎದುರಿಗೇ ಕೂತಿದ್ದರೂ ಲೆಕ್ಕದಲ್ಲಿಲ್ಲ. ಅವನೂ ಒಂದು ಬಗೆಯ ‘ಎಬಿ’.

ಆನ್‌ಲೈನ್ ದೂರನ್ನು 15 ದಿನಗಳೊಳಗೆ ಸಮಿತಿಗೆ ಒಪ್ಪಿಸಬೇಕು. ಸಮಿತಿ ದೂರು ಸಿಕ್ಕ 15 ಕೆಲಸದ ದಿನಗಳಲ್ಲಿ ವರದಿ ಕೊಡಬೇಕು, ಅದರ ಪ್ರತಿ ವಿದ್ಯಾರ್ಥಿಗೂ ಸಿಗಬೇಕು. ತೃಪ್ತಿಯಾಗದಿದ್ದರೆ 15 ದಿನಗಳಲ್ಲಿ ವಿಶ್ವವಿದ್ಯಾಲಯದ ಓಂಬುಡ್ಸ್‌ಪರ್ಸನ್‌ಗೆ ಮೇಲ್ಮನವಿ; ಅವರು 30 ದಿನಗಳಲ್ಲಿ ಇತ್ಯರ್ಥ ಮಾಡಲು ಯತ್ನಿಸಬೇಕು. ಓಂಬುಡ್ಸ್‌ಪರ್ಸನ್ ಎಂದರೆ ‘ಓಂ’ ಎಂದು ಆರಂಭಿಸಿ ‘ಬುಡ’ ಅಲ್ಲಾಡಿಸುವವರು ಎಂದು ಕೆಲವರು ವಿಗ್ರಹವಾಕ್ಯ ಮಾಡುವುದುಂಟು. ಅದು ಅಗ್ರಾಹ್ಯ; ಈ ಹುದ್ದೆಯನ್ನು 1809ರಲ್ಲಿ ಸ್ವೀಡನ್ ಹುಟ್ಟುಹಾಕಿತು. ಇಲ್ಲಿ ನಿವೃತ್ತ ಕುಲಗುರುಗಳು, ನಿವೃತ್ತ ಪ್ರಾಧ್ಯಾಪಕರು ಇಲ್ಲವೇ ಮಾಜಿ ಜಿಲ್ಲಾ ನ್ಯಾಯಾಧೀಶರು ಅದಕ್ಕೆ ಅರ್ಹರು.

ಒಂದು ಎಚ್ಚರಿಕೆ: ಮಾರ್ಕು ಕಡಿಮೆ ಬಿತ್ತು, ಮರುಮೌಲ್ಯಮಾಪನ ಸರಿಯಿಲ್ಲ ಎಂಬ ಮೇಲ್ಮನವಿಯನ್ನು ಅವರು ಕೇಳುವುದಿಲ್ಲ. ಫಲಿತಾಂಶವನ್ನೇ ಬದಲಿಸುವಂಥ ನಿರ್ದಿಷ್ಟ ಅಕ್ರಮ ಅಥವಾ ತಾರತಮ್ಯವನ್ನು ತೋರಿಸಬೇಕು. ಉತ್ತರಪತ್ರಿಕೆಯನ್ನೇ ನೋಡಬೇಕೆಂದರೆ ಮಾಹಿತಿ ಹಕ್ಕಿನ ದಾರಿಯಿದೆ. ಅದು ವಿದ್ಯಾರ್ಥಿಗೆ ಸಿಗಬೇಕಾದ ಮಾಹಿತಿ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಮಹಾರಾಷ್ಟ್ರದಲ್ಲಿ ಆ ಅರ್ಜಿಗೆ 10 ರೂಪಾಯಿ ಶುಲ್ಕ, ಒಂದೇ ವಿಷಯ, 150 ಪದಗಳ ಮಿತಿ. ಸಂಧಿ-ಸಮಾಸ ಬಲ್ಲ ಕನ್ನಡಿಗ ಇಡೀ ಮಹಾಭಾರತವನ್ನು 150 ಪದಗಳಲ್ಲಿ ಕಟ್ಟಿಯಾನು. ಏನು ಮಾಡುವುದು, ಅರ್ಜಿ ಮರಾಠಿ, ಹಿಂದಿ ಅಥವಾ ಇಂಗ್ಲಿಷಿನಲ್ಲಿರಬೇಕು.

6. ಪ್ರಳಯ ವೃತ್ತಾಂತ

ಪರೀಕ್ಷೆ ಮುಗಿದ 30 ದಿನಗಳಲ್ಲಿ, ತಡವೆಂದರೆ 45ರಲ್ಲಿ ರಿಸಲ್ಟ್ ಕೊಡಬೇಕೆಂದು ಮಹಾರಾಷ್ಟ್ರದ 2016ರ ವಿಶ್ವವಿದ್ಯಾಲಯ ಕಾಯಿದೆ ಹೇಳುತ್ತದೆ. ಮರುವರ್ಷವೇ, 1857ರಷ್ಟು ಹಳೆಯ ಮುಂಬಯಿ ವಿಶ್ವವಿದ್ಯಾಲಯ 17 ಲಕ್ಷಕ್ಕೂ ಹೆಚ್ಚು ಉತ್ತರಪತ್ರಿಕೆಗಳನ್ನು ಸ್ಕ್ಯಾನ್ ಮಾಡಿ, ಕಂಪ್ಯೂಟರ್ ಪರದೆಯ ಮೇಲೆ ತಿದ್ದಿಸಲು ಹೊರಟಿತು. ರಾಜ್ಯಪಾಲರು ಜುಲೈ 31ರ ಗಡುವು ಕೊಟ್ಟರು. ಗಡುವು ಬಂತು, ಹೋಯಿತು. ರಿಸಲ್ಟ್‌ಗಳು ಸೆಪ್ಟೆಂಬರ್‌ವರೆಗೂ ತೊಟ್ಟಿಕ್ಕಿದವು. ಅಕ್ಟೋಬರ್‌ನಲ್ಲಿ ಕುಲಪತಿಗಳು ಕುಲಗುರುಗಳನ್ನು ಹುದ್ದೆಯಿಂದ ತೆಗೆದರು. ಕರ್ನಾಟಕದ ಓದುಗರು ಈ ವಾಕ್ಯವನ್ನು ಮೊದಲ ಅಧ್ಯಾಯದ ನೆರವಿನಿಂದ ಓದಬೇಕು. ತಾತ್ಪರ್ಯ: ಒಬ್ಬನು ಮಾಡಿದರೆ ಕ್ಯಾತೆ; ಲಕ್ಷ ಜನ ಮಾಡಿದರೆ ಮುಖಪುಟ. ಅಳಿಯ ಒಬ್ಬನೇ ಇದ್ದ.

7. ಪ್ರಯೋಗ ಪ್ರಕರಣ

ಒಬ್ಬನೇ ಇರುವವನಿಗೆ ಶಾಸ್ತ್ರ ವಿಧಿಸುವ ಆಯುಧ ಒಂದೇ: ಎರಡನೇ ಪ್ರತಿ. ಅದಕ್ಕೆ ಮರಾಠಿಯಲ್ಲಿ ‘ಪೋಚ್’ ಎನ್ನುತ್ತಾರೆ, ತಲುಪಿತು ಎಂಬ ಗುರುತು.

ಈ ಬಾರಿ ಅರ್ಜಿ ಪ್ರಿನ್ಸಿಪಾಲರಿಗೇ ಇತ್ತು. ‘ನನಗೆ ಅನ್ಯಾಯವಾಗಿದೆ’ ಎಂಬ ನನ್ನ ಭಾವಪೂರ್ಣ ಪ್ಯಾರಾವನ್ನು ಅಳಿಯ ನಿರ್ದಯವಾಗಿ ಹೊಡೆದುಹಾಕಿದ. ಉಳಿದದ್ದು ಸೀಟ್ ನಂಬರು, ಪರೀಕ್ಷೆಯ ತಾರೀಕು, ಹಾಲಿನ ನಂಬರು, ಉತ್ತರಪತ್ರಿಕೆಯ ನಂಬರು, ಮೇಲ್ವಿಚಾರಕರ ಸಹಿಯಿದ್ದ ಹಾಲ್ ಟಿಕೆಟಿನ ಝೆರಾಕ್ಸ್, ಮತ್ತು ಒಂದೇ ಬೇಡಿಕೆ: ಆ ದಿನದ ಹಾಜರಿ ಹಾಳೆಯಲ್ಲಿ ನನ್ನ ಸಹಿ ಇದೆಯೇ, ನೋಡಿ ಹೇಳಿ.

ಕಿಟಕಿಯಾಚೆಯ ಮ್ಯಾಡಮ್ ಮೊದಲ ಪ್ರತಿಯನ್ನು ಫೈಲಿನೊಳಗೆ ತುರುಕಿ, “ಠೀಕ್ ಆಹೆ” ಎಂದರು. ಅಳಿಯ ಎರಡನೇ ಪ್ರತಿಯನ್ನು ನೂಕಿ, “ಮ್ಯಾಡಮ್, ಪೋಚ್” ಎಂದ. ಅವರು ಕನ್ನಡಕದ ಮೇಲಿಂದ ನೋಡಿದರು. ಇಂಕ್ ಪ್ಯಾಡ್ ಒಣಗಿತ್ತು. ಸ್ಟಾಂಪಿನ ಮೇಲೆ ಹಾ ಎಂದು ಉಸಿರು ಬಿಟ್ಟು ಒತ್ತಿದರು. ಅರ್ಧ ವೃತ್ತ ಮೂಡಿತು. ತಾರೀಕು ನಿನ್ನೆಯದೇ ಇತ್ತು, ಯಾರೂ ತಿರುಗಿಸಿರಲಿಲ್ಲ. ಪೆನ್ನಿನಿಂದ ತಿದ್ದಿ, ಪಕ್ಕದಲ್ಲಿ ಆವಕ ನಂಬರು ಬರೆದು, ಸಣ್ಣದೊಂದು ಸಹಿ ಎಳೆದರು. ಆ ಕ್ಷಣದವರೆಗೆ ತಕರಾರು ಅಳಿಯನ ಹೊಟ್ಟೆಯಲ್ಲಿತ್ತು. ಈಗ ರಿಜಿಸ್ಟರಿನಲ್ಲಿ ಒಂದು ಸಾಲಾಗಿ, ಅದೂ ಆಫೀಸಿನ ಹೊಟ್ಟೆಗೇ ಹೋಯಿತು.

ಒಂಬತ್ತನೆಯ ದಿನ ಅವನನ್ನು ಕರೆದರು. ಹಾಜರಿ ಹಾಳೆಯಲ್ಲಿ ಸಹಿ ಇತ್ತು. ಉತ್ತರಪತ್ರಿಕೆ ಬೇರೊಂದು ಕಟ್ಟಿನಲ್ಲಿ ಸಿಕ್ಕಿತು. ಹೊಸ ಮಾರ್ಕ್‌ಶೀಟಿನಲ್ಲಿ ‘ಎಬಿ’ ಹೋಗಿ ಅಂಕ ಬಂತು: ಪಾಸಿಗೆ ಎರಡು ಕಮ್ಮಿ. ಕೇಟಿ, ಅಂದರೆ ಆ ಪೇಪರನ್ನು ಮತ್ತೆ ಬರೆಯಬೇಕು.

8. ಅಪವಾದ

ಎರಡು ಕಡೆ ಈ ಶಾಸ್ತ್ರ ತನ್ನ ಅಣಕನ್ನು ಕೆಳಗಿಡುತ್ತದೆ. ರ‍್ಯಾಗಿಂಗ್ ಆದರೆ ಎರಡನೇ ಪ್ರತಿಗೆ ಕಾಯಬಾರದು. 1800-180-5522ಕ್ಕೆ ಯಾವ ಹೊತ್ತಿನಲ್ಲೂ ಫೋನ್ ಮಾಡಬಹುದು. ಲೈಂಗಿಕ ಕಿರುಕುಳವಾದರೆ ಅದಕ್ಕೆಂದೇ ಕಾಲೇಜಿನಲ್ಲಿ ಇರಬೇಕಾದ ಆಂತರಿಕ ದೂರು ಸಮಿತಿಗೆ ಮೂರು ತಿಂಗಳೊಳಗೆ ಬರೆದುಕೊಡಬೇಕು. ಇವೆರಡರಲ್ಲಿ ‘ಉದ್ಯಾ ಯಾ’ ಎಂದವರ ಹೆಸರನ್ನೂ ಬರೆದಿಟ್ಟುಕೊಳ್ಳಬೇಕು.

ಫಲಶ್ರುತಿ

ಇದನ್ನು ಪಠಿಸಿದವನು ಪಾಸಾಗುತ್ತಾನೆಂದು ಈ ಶಾಸ್ತ್ರ ಹೇಳುವುದಿಲ್ಲ. ಇಷ್ಟೆಲ್ಲ ಮಾಡಿ ಫೇಲಾದೆಯಲ್ಲ ಎಂದು ನಾನು ಮರುಗಿದಾಗ ಅಳಿಯ, “ಇರಲಿ ಮಾವ, ಇದು ನಾನೇ ಬರೆದು ಆದ ಫೇಲು” ಎಂದ. ಮೊದಲಿಗೆ ಹೇಳದೆ ಉಳಿಸಿದ್ದ ಪ್ರಯೋಜನ ಇದೇ.

ಭಾವನವರು ಏನೂ ಅನ್ನಲಿಲ್ಲ. ಅರ್ಧ ವೃತ್ತದ ಆ ಹಾಳೆಯನ್ನು ಎತ್ತಿ ಬೆಳಕಿಗೆ ಹಿಡಿದು, ತಿದ್ದಿದ ತಾರೀಕನ್ನೂ ಆವಕ ನಂಬರನ್ನೂ ನೋಟು ಪರೀಕ್ಷಿಸುವ ಹಾಗೆ ಬಹಳ ಹೊತ್ತು ನೋಡಿದರು. ಆಮೇಲೆ ಮಗನ ಕಡೆ ತಿರುಗಿ ಹೇಳಿದರು: “ನಮ್ಮ ಬಿಲ್ಡಿಂಗಿಗೆ ಎರಡು ತಿಂಗ್ಳಿಂದ ನೀರ್ ಸರಿ ಬರ್ತಿಲ್ಲೆ ಅಲ್ದಾ? ಒಂದು ಬರ್ದು ಕೊಡು. ಎರಡ್ ಪ್ರತಿ.”